ಮೂರು ಲೀಟರಿನ ಅಡ್ಡಬ್ಯಾಗು: ಹುಬ್ಬಳ್ಳಿ ಧೂಳು, ಧಾರವಾಡ ಮಳೆ ಎರಡನ್ನೂ ಕಂಡ ಮೇಲೆ

ಧಾರವಾಡದಲ್ಲಿ ಮನೆ, ಹುಬ್ಬಳ್ಳಿಯಲ್ಲಿ ನೌಕರಿ, ನವಲಗುಂದದ ಕಡೆ ತವರೂರು. ಈ ಮೂರರ ನಡುವೆ ಓಡಾಡುವಾಗ ನನ್ನ ಮೈಮೇಲೆ ತಪ್ಪದೆ ಇರುವುದು ಹೆಗಲಿನಿಂದ ಅಡ್ಡಲಾಗಿ ಹಾಕಿಕೊಳ್ಳುವ ಒಂದು ಸಣ್ಣ ಬ್ಯಾಗು. ಉದ್ದ 24 ಸೆಂಟಿಮೀಟರ್, ಎತ್ತರ 16, ದಪ್ಪ 8. ಗುಣಿಸಿದರೆ ಸುಮಾರು ಮೂರು ಲೀಟರ್. ಹಲವು ಮಳೆಗಾಲ ದಾಟಿ, ಬಣ್ಣ ಸ್ವಲ್ಪ ಮಾಸಿ, ಒಮ್ಮೆ ದುರಸ್ತಿಯೂ ಆದ ಮೇಲೆ ಇದರ ಬಗ್ಗೆ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಬೇಕಂತಲೇ ಹಾಕಿಲ್ಲ. ಇದೇ ಕಟ್ಟಿನ ಬ್ಯಾಗನ್ನು ಎಷ್ಟೋ ಕಂಪನಿಗಳು ಮಾಡುತ್ತವೆ. ಹೆಸರಿಗಿಂತ ಅದರ ಬಟ್ಟೆ, ಚೈನು, ಖಾನೆಗಳನ್ನು ನೋಡಿ ಕೊಳ್ಳುವುದು ಒಳ್ಳೆಯದು.

ನನಗೆ ಬೇಕಾಗಿದ್ದದ್ದು ಎರಡು ಕೆಲಸಕ್ಕೆ ಆಗುವ ಬ್ಯಾಗು. ಮೊಬೈಲು, ಹಣ, ಕೀಲಿಕೈ, ಚಷ್ಮಾ ಇಡಲು ಜಾಗ ಬೇಕು, ಜೊತೆಗೆ ಯಾರಿಗಾದರೂ ಏನಾದರೂ ಆದರೆ ಮೊದಲ ಹತ್ತು ನಿಮಿಷಕ್ಕೆ ಬೇಕಾದ ಸಾಮಾನೂ ಹಿಡಿಯಬೇಕು. ಈ ಎರಡನೆಯದಕ್ಕೆಂದೇ ದೊಡ್ಡ ಬೆನ್ನುಚೀಲ ತುಂಬಿಸಿ ಇಟ್ಟವರನ್ನು ಕಂಡಿದ್ದೇನೆ. ಅದರಲ್ಲಿ ಎಲ್ಲವೂ ಹಿಡಿಯುತ್ತದೆ ನಿಜ. ಆದರೆ ಸಂಜೆ ಪೇಡೆ ತರಲು ಲೈನ್ ಬಜಾರಿಗೆ ಹೊರಟಾಗ ಅದನ್ನು ಯಾರೂ ಹೆಗಲಿಗೆ ಹಾಕುವುದಿಲ್ಲ. ಅದು ಕಪಾಟಿನ ಮೇಲೆ ಕೂತಿರುತ್ತದೆ, ಬೇಕಾದ ಹೊತ್ತು ಬರುವುದು ಬೀದಿಯಲ್ಲಿ. ಹಾಗಾಗಿ ಹಗುರಾಗಿರುವುದೇ ಇಲ್ಲಿ ಮೊದಲ ಗುಣ. ತುಂಬಿಸಿದ ಮೇಲೆ ಒಂದೂವರೆ ಕಿಲೋ ದಾಟಿದರೆ ಒಂದೇ ಹೆಗಲು ಜಗ್ಗತೊಡಗುತ್ತದೆ. ಆ ಅಳತೆ ಮೀರಿದ ದಿನ ಏನನ್ನಾದರೂ ತೆಗೆಯುತ್ತೇನೆ.

ಎರಡನೆಯ ಗುಣವನ್ನು ಬಳಸುತ್ತ ಬಳಸುತ್ತ ಕಂಡುಕೊಂಡೆ: ನೋಡದೆ ಕೈ ಹಾಕಿದರೆ ಬೇಕಾದ ಸಾಮಾನು ಸಿಗಬೇಕು. ಮಾರಾಟಗಾರರು ಹದಿನಾರು ಖಾನೆ, ಇಪ್ಪತ್ತು ಖಾನೆ ಎಂದು ಎಣಿಸಿ ತೋರಿಸುತ್ತಾರೆ. ಖಾನೆ ಹೆಚ್ಚಾದಷ್ಟೂ ಯಾವುದರಲ್ಲಿ ಏನಿದೆ ಎಂಬುದು ಮರೆಯುತ್ತದೆ. ನನ್ನದರಲ್ಲಿ ಇರುವುದು ಮೂರೇ. ಮುಂದಿನ ಚಪ್ಪಟೆ ಖಾನೆಯಲ್ಲಿ ಚಿಲ್ಲರೆ, ಬಸ್ಸಿನ ಟಿಕೆಟು, ಗುರುತಿನ ಚೀಟಿ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಊರಿನ ಬಸ್ಸು ಹತ್ತಿದಾಗಲೆಲ್ಲ ಕಂಡಕ್ಟರಿಗೆ ಚೀಟಿ ತೋರಿಸಬೇಕು, ಆದ್ದರಿಂದ ಈ ಖಾನೆ ನಮ್ಮಂಥ ಹೆಣ್ಣುಮಕ್ಕಳಿಗೆ ಬಹಳ ಉಪಯೋಗ. ಮೈಗೆ ತಾಗುವ ಹಿಂಬದಿಯ ಖಾನೆಯಲ್ಲಿ ದುಡ್ಡು, ದಾಖಲೆಯ ನಕಲು. ಹುಬ್ಬಳ್ಳಿಯ ಸಿಟಿ ಬಸ್ ನಿಲ್ದಾಣ (ಸಿಬಿಟಿ), ದುರ್ಗದಬೈಲಿನ ಮಾರುಕಟ್ಟೆಯ ಗದ್ದಲದಲ್ಲೂ ಅಲ್ಲಿಗೆ ಬೇರೆಯವರ ಕೈ ಹೋಗುವುದು ಸುಲಭವಲ್ಲ. ನಡುವಿನ ದೊಡ್ಡ ಖಾನೆ ಉಳಿದದ್ದಕ್ಕೆಲ್ಲ.

ಈ ನಡುವಿನ ಖಾನೆಯ ಅಸ್ತರ ತಿಳಿ ಹಳದಿ. ಕೊಳ್ಳುವಾಗ ಇದಕ್ಕೆ ಅಷ್ಟು ಬೆಲೆ ಕೊಟ್ಟಿರಲಿಲ್ಲ, ಈಗ ಕಪ್ಪು ಅಸ್ತರದ ಬ್ಯಾಗನ್ನು ಯಾರಿಗೂ ಹೇಳಲಾರೆ. ಸಂಜೆಗತ್ತಲಲ್ಲಿ ಕಪ್ಪು ಬಟ್ಟೆಯ ತಳದಲ್ಲಿ ಕಪ್ಪು ಬ್ಯಾಟರಿ (ಟಾರ್ಚ್) ಹುಡುಕುವುದು ಬಹಳ ಕಷ್ಟ. ಹಳದಿಯ ಮೇಲೆ ಸೂಜಿ ಬಿದ್ದರೂ ಕಾಣುತ್ತದೆ.

ಬಟ್ಟೆಯ ವಿಷಯಕ್ಕೆ ಬರುತ್ತೇನೆ. ಚೀಟಿಯ ಮೇಲೆ 420 ಡೆನಿಯರ್ ನೈಲಾನ್ ಎಂದಿತ್ತು. ಒಂಬತ್ತು ಸಾವಿರ ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅದೇ ಡೆನಿಯರ್. ಅಂಕಿ ಹೆಚ್ಚಾದಂತೆ ನೂಲು ದಪ್ಪ, ಬ್ಯಾಗು ಭಾರ. 1000 ಡೆನಿಯರ್ ಬಟ್ಟೆ ಕಲ್ಲಿಗೆ ತಿಕ್ಕಿದರೂ ತಡೆಯುತ್ತದೆ, ಆದರೆ ದಿನಾ ಬೆಳಗಾದರೆ ಹೊರುವವರಿಗೆ ಅಷ್ಟು ಗಟ್ಟಿತನ ಬೇಕಿಲ್ಲ. 420 ನನಗೆ ಸಾಕಾಗಿದೆ. ಕೆಳಗಿನ ಎರಡು ಮೂಲೆ ಬಿಟ್ಟರೆ ಎಲ್ಲೂ ನೂಲು ಎದ್ದಿಲ್ಲ.

ಒಳಗಿನ ಲೇಪದ ಮೇಲೆ ಮಾತ್ರ ಕಣ್ಣಿಡಬೇಕು. ನೀರು ಇಳಿಯದಿರಲಿ ಎಂದು ಬಟ್ಟೆಯ ಒಳಬದಿಗೆ ಪಾಲಿಯುರಿಥೇನ್ ಬಳಿದಿರುತ್ತಾರೆ. ತೇವ ಮತ್ತು ಸೆಕೆ ಕೂಡಿದರೆ ಅದು ವರ್ಷಗಳಲ್ಲಿ ಕೆಡುತ್ತದೆ, ಮೊದಲು ಅಂಟಂಟಾಗಿ ಆಮೇಲೆ ಹೊಟ್ಟಿನ ಹಾಗೆ ಉದುರುತ್ತದೆ. ನನ್ನ ಹಿಂದಿನ ಬ್ಯಾಗು ಹೋದದ್ದೇ ಹೀಗೆ. ಗುಳಿಗೆಯ ಚೀಲಕ್ಕೆಲ್ಲ ಬಿಳಿ ಪುಡಿ ಮೆತ್ತಿಕೊಳ್ಳುತ್ತಿತ್ತು. ಆದ್ದರಿಂದ ತೊಯ್ದ ಬ್ಯಾಗನ್ನು ಹಾಗೇ ಗೂಟಕ್ಕೆ ನೇತುಹಾಕುವುದಿಲ್ಲ. ಖಾಲಿ ಮಾಡಿ, ಒಳಗು ಹೊರಗು ಮಾಡಿ, ಫ್ಯಾನಿನ ಕೆಳಗೆ ಆರಿಸುತ್ತೇನೆ. ಬಿಸಿಲಿಗೆ ಹಾಕುವುದಿಲ್ಲ.

ಜಿಟಿಜಿಟಿ ಮಳೆಗೆ ಈ ಬ್ಯಾಗು ಧಾರಾಳ ತಡೆಯುತ್ತದೆ. ಜೋರು ಮಳೆಯಲ್ಲಿ ನೀರು ಇಳಿಯುವುದು ಬಟ್ಟೆಯಿಂದಲ್ಲ, ಚೈನಿನ ಹೊಲಿಗೆಯಿಂದ. ಜಾಹೀರಾತಿನಲ್ಲಿ ನೀರು ತಡೆಯುವ ಚೈನು ಎಂದರೆ ಹನಿ ತಡೆಯುವ ಚೈನು ಎಂದು ತಿಳಿದುಕೊಳ್ಳಿ. ಒಳಗಿನ ಮುಖ್ಯ ಸಾಮಾನೆಲ್ಲ ಒತ್ತಿ ಮುಚ್ಚುವ ಪ್ಲಾಸ್ಟಿಕ್ ಪೊಟ್ಟಣಗಳಲ್ಲಿವೆ, ಹಾಗಾಗಿ ಚಿಂತೆಯಿಲ್ಲ.

ಮಳೆಗಿಂತ ಬ್ಯಾಗನ್ನು ಹೆಚ್ಚು ಪರೀಕ್ಷಿಸಿದ್ದು ಧೂಳು. ಚನ್ನಮ್ಮ ವೃತ್ತದ ಸುತ್ತ ಮೇಲ್ಸೇತುವೆ ಕೆಲಸ ನಡೆದ ದಿನಗಳಲ್ಲಿ ಓಡಾಡಿದವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಬೇಸಿಗೆಯಲ್ಲಿ ನವಲಗುಂದದ ಕಡೆ ಹೋದರೆ ಎರೆಮಣ್ಣಿನ ಹುಡಿ ಬೇರೆ. ಅದು ಚೈನಿನ ಹಲ್ಲಿನೊಳಗೆ ಕೂತು, ಹಿಡಿದು ಎಳೆಯುವ ರನ್ನರನ್ನು ಒಳಗಿನಿಂದಲೇ ಅರೆಯುತ್ತದೆ. ಒಂದು ದಿನ ಚೈನು ಹಾಕಿದರೂ ಹಿಂದಿನಿಂದ ತಾನೇ ಬಾಯಿ ಬಿಡತೊಡಗಿತು. ದುರ್ಗದಬೈಲಿನ ಹತ್ತಿರ ಬ್ಯಾಗು ಹೊಲಿಯುವವರೊಬ್ಬರಿಗೆ ತೋರಿಸಿ, ಇಡೀ ಚೈನನ್ನೇ ಬದಲಿಸಿ ಎಂದೆ. ಅವರು ಎರಡೂ ಕಡೆ ಎಳೆದು ನೋಡಿ, “ಅಕ್ಕಾರ, ಚೈನ್ ಛಲೋ ಐತ್ರಿ. ರನ್ನರ್ ಸವದೈತಿ ಅಷ್ಟ. ಅದಕ್ಯಾಕ ಹೊಲಿಗಿ ಬಿಚ್ಚಸ್ತೀರಿ?” ಅಂದರು. ಐದು ನಿಮಿಷದಲ್ಲಿ ಬೇರೆ ರನ್ನರ್ ಹಾಕಿಕೊಟ್ಟರು, ಒಂದು ಚಹಾ ನಾಷ್ಟಾದಷ್ಟು ದುಡ್ಡು ತಗೊಂಡರು. ಚೈನು ಐದನೇ ನಂಬರಿನದು, ಅಂದರೆ ಮುಚ್ಚಿದಾಗ ಹಲ್ಲಿನ ಅಗಲ ಸುಮಾರು ಐದು ಮಿಲಿಮೀಟರ್. ಆ ಅಳತೆಯ ರನ್ನರ್ ಎಲ್ಲ ಕಡೆ ಸಿಗುತ್ತದಂತೆ. ಮೂರನೇ ನಂಬರಿನ ಸಣ್ಣ ಚೈನು ನಡುವಿನ ಖಾನೆಗೆ ಇದ್ದರೆ ಆ ಬ್ಯಾಗು ಬೇಡ. ತುಂಬಿದ ಖಾನೆಯ ಜಗ್ಗಾಟವನ್ನು ಅದು ಬಹಳ ದಿನ ತಾಳುವುದಿಲ್ಲ. ಈಗ ಒಣ ಹಲ್ಲುಜ್ಜುವ ಬ್ರಷ್ಷಿನಿಂದ ಚೈನು ತಿಕ್ಕಿ, ಮೇಣದಬತ್ತಿಯ ತುಂಡನ್ನು ಒಮ್ಮೆ ಎಳೆಯುತ್ತೇನೆ. ಎಣ್ಣೆ ಮಾತ್ರ ಬೇಡ, ಧೂಳು ಇನ್ನೂ ಅಂಟುತ್ತದೆ.

ಒಳಗೆ ಏನಿದೆ ಎಂದು ಕೇಳುವವರು ಬಹಳ. ಎಲ್ಲವನ್ನೂ ಒಂದೊಂದಾಗಿ ಹೇಳುವ ಅಗತ್ಯವಿಲ್ಲ. ಗಾಯಕ್ಕೆ ಬೇಕಾದ ಗಾಜ್ ಬಟ್ಟೆ, ಅಂಟುಪಟ್ಟಿ, ಕ್ರೇಪ್ ಬ್ಯಾಂಡೇಜು, ಜ್ವರದ ಗುಳಿಗೆ, ಸೂಜಿ ದಾರ, ಪಿನ್ನು, ಸಣ್ಣ ಬ್ಯಾಟರಿ, ಮೊಬೈಲ್ ಚಾರ್ಜ್ ಮಾಡುವ ಪವರ್ ಬ್ಯಾಂಕು. ಕೆಲವಕ್ಕೆ ಮಾತ್ರ ಕಾರಣ ಹೇಳಬೇಕು.

ಗ್ಲೂಕೋಸ್ ಪುಡಿ ಮೊದಲು ಸೇರಿದ್ದು ಅವ್ವನ ಸಕ್ಕರೆ ಕಾಯಿಲೆಯ ಸಲುವಾಗಿ. ಅದು ಕೆಲಸಕ್ಕೆ ಬಂದದ್ದು ಮಾತ್ರ ಧಾರವಾಡ-ಹುಬ್ಬಳ್ಳಿ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ. ಮುಂಜಾನೆಯ ಗದ್ದಲ. ನವನಗರ ದಾಟಿ ಉಣಕಲ್ಲಿನ ಕಡೆ ಬರುವಾಗ ನನ್ನ ಪಕ್ಕ ನಿಂತಿದ್ದ ಹಿರಿಯರು ಒಮ್ಮೆಲೇ ಬೆವತರು, ಕಂಬ ಹಿಡಿದ ಕೈ ನಡುಗಹತ್ತಿತು. ಸೀಟು ಬಿಡಿಸಿ ಕೂರಿಸಿದೆವು. ಜೊತೆಗಿದ್ದ ಮಗಳು ಗಾಬರಿಯಲ್ಲಿ, “ನಮ್ಮಪ್ಪಾರಿಗೆ ಶುಗರ್ ಐತ್ರಿ. ಇನ್ಸುಲಿನ್ ತಗೊಂಡಾರ, ನಾಷ್ಟಾ ಮಾಡಿಲ್ರಿ” ಅಂದಳು. ಅವರಿಗೆ ಎಚ್ಚರವಿತ್ತು, ಹೆಸರು ಕೇಳಿದರೆ ಹೇಳುತ್ತಿದ್ದರು. ಎಡಗೈಯಲ್ಲಿ ಅವರ ಹೆಗಲು ಹಿಡಿದುಕೊಂಡೇ ಬಲಗೈಯಿಂದ ಬ್ಯಾಗಿನ ಬಲ ಮೂಲೆಗೆ ಕೈ ಹಾಕಿದೆ, ಪುಡಿಯ ಡಬ್ಬಿ ಸಿಕ್ಕಿತು. ಮೂರು ಚಮಚ, ಅಂದರೆ ಸುಮಾರು 15 ಗ್ರಾಂ, ನೀರಿನಲ್ಲಿ ಕಲಸಿ ನಿಧಾನ ಕುಡಿಸಿದೆವು. ವೈದ್ಯರು ಅವ್ವನಿಗೆ ಹೇಳಿಕೊಟ್ಟ ಲೆಕ್ಕ ಇದೇ: ಸಕ್ಕರೆ 70ಕ್ಕಿಂತ ಕೆಳಗಿಳಿದರೆ 15 ಗ್ರಾಂ, 15 ನಿಮಿಷ ಬಿಟ್ಟು ಮತ್ತೆ ನೋಡುವುದು, ಏರದಿದ್ದರೆ ಇನ್ನೊಮ್ಮೆ ಕೊಡುವುದು. ಹೊಸೂರು ಬರುವಷ್ಟರಲ್ಲಿ ಅವರ ಮುಖಕ್ಕೆ ಕಳೆ ಬಂದಿತ್ತು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು. ಆಗ 108ಕ್ಕೆ ಕರೆ ಮಾಡುವುದೇ ದಾರಿ.

ಆ ದಿನ ಪುಡಿಯಷ್ಟೇ ಮುಖ್ಯವಾದದ್ದು ಅದು ಇದ್ದ ಜಾಗ. ಬೆನ್ನುಚೀಲವಾಗಿದ್ದರೆ ಆ ಗದ್ದಲದಲ್ಲಿ ಇಳಿಸಿ, ನೆಲಕ್ಕಿಟ್ಟು, ಒಂದೊಂದೇ ಹೊರತೆಗೆಯಬೇಕಾಗುತ್ತಿತ್ತು.

ವಾಂತಿ ಭೇದಿಯಾದಾಗ ನೀರಿನಲ್ಲಿ ಕಲಸಿ ಕುಡಿಸುವ ಓಆರ್‌ಎಸ್ ಪುಡಿ ಇಡುವವರು ಪಾಕೀಟಿನ ಅಳತೆ ನೋಡಿ ಕೊಳ್ಳಿ. ದೊಡ್ಡ ಪಾಕೀಟು ಒಂದು ಲೀಟರ್ ನೀರಿಗೆ. ಹೊರಗೆ ನಮ್ಮ ಹತ್ತಿರ ಇರುವುದು ಅರ್ಧ ಲೀಟರಿನ ಬಾಟಲಿ, ಅದರಲ್ಲಿ ಇಡೀ ಪಾಕೀಟು ಸುರಿದರೆ ಉಪ್ಪಿನಂಶ ಹೆಚ್ಚಾಗಿ ಮೈಗೆ ಕೆಡುಕು, ಮಕ್ಕಳಿಗಂತೂ ಬಹಳ. 200 ಮಿಲಿಲೀಟರಿಗೆ ಆಗುವ ಸಣ್ಣ ಪಾಕೀಟೂ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ನಾನು ಅದನ್ನೇ ಇಡುತ್ತೇನೆ, ಒಂದು ಲೋಟಕ್ಕೆ ಒಂದು. ಪಾಕೀಟಿನ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿದೆಯೋ ನೋಡಿ. ಸಿಹಿ ಪಾನೀಯದ ಡಬ್ಬಿ ಇದಕ್ಕೆ ಬದಲಿಯಲ್ಲ.

ಒಂದು ಸೀಟಿಯೂ ಇದೆ, ಬ್ಯಾಗಿನ ಪಟ್ಟಾಕ್ಕೇ ಕಟ್ಟಿದ್ದೇನೆ. 2019ರ ಮಾರ್ಚ್ 19ರಂದು ನಮ್ಮ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದದ್ದನ್ನು ಈ ಊರಿನವರು ಮರೆತಿಲ್ಲ. ಅವಶೇಷದ ಕೆಳಗಿನಿಂದ ಕೆಲವರನ್ನು ದಿನಗಳು ಕಳೆದ ಮೇಲೂ ಜೀವಂತವಾಗಿ ಹೊರತೆಗೆದರು. ಕೂಗಿ ಕೂಗಿ ದನಿ ಸೋಲುತ್ತದೆ, ಸೀಟಿಗೆ ಸ್ವಲ್ಪ ಉಸಿರು ಸಾಕು. ಕೆಲವು ಗ್ರಾಂ ತೂಕದ ಸಾಮಾನು, ಇರಲಿ.

ಪವರ್ ಬ್ಯಾಂಕು 10,000 ಮಿಲಿಆಂಪಿಯರ್ ಅವರಿನದು. ಅದಕ್ಕಿಂತ ದೊಡ್ಡದು ಈ ಬ್ಯಾಗಿಗೆ ಭಾರ. ಲೆಕ್ಕ ಹಾಕಿದರೆ ಇದು 37 ವ್ಯಾಟ್ ಅವರ್. ವಿಮಾನದಲ್ಲಿ ನೂರರವರೆಗೆ ಕೈಚೀಲದಲ್ಲಿ ಒಯ್ಯಬಹುದು, ಲಗೇಜಿಗೆ ಹಾಕುವಂತಿಲ್ಲ. ಆದರೂ ಮೊಬೈಲನ್ನೇ ನಂಬಿ ಕೂರಬೇಡಿ. ಬೆಣ್ಣಿಹಳ್ಳ ತುಂಬಿ ನಮ್ಮೂರ ದಾರಿಯಲ್ಲಿ ಬಸ್ಸು ನಿಂತ ರಾತ್ರಿ ನೆಟ್‌ವರ್ಕೂ ಇರಲಿಲ್ಲ, ಯುಪಿಐಯೂ ನಡೆಯಲಿಲ್ಲ. ಹಿಂಬದಿಯ ಖಾನೆಯಲ್ಲಿದ್ದ ನೂರರ ನೋಟುಗಳು ಅವತ್ತು ಊಟಕ್ಕೂ ಟಂಟಂ ಗಾಡಿಗೂ ಆದವು. ಅದೇ ಖಾನೆಯಲ್ಲಿ ಒಂದು ಕಾಗದವಿದೆ: ಮನೆಯವರ ಫೋನ್ ನಂಬರು, ನನ್ನ ರಕ್ತದ ಗುಂಪು, ಅವ್ವನ ಗುಳಿಗೆಗಳ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ. ಕಿಮ್ಸ್ ಆಗಲಿ, ಸತ್ತೂರಿನ ಎಸ್‌ಡಿಎಂ ಆಗಲಿ, ವೈದ್ಯರು ಮೊದಲು ಕೇಳುವುದು ಅದನ್ನೇ. ಆ ಕಾಗದ ಚಾಚಿದರೆ ಅರ್ಧ ಮಾತು ಉಳಿಯುತ್ತದೆ.

ಇಟ್ಟ ಸಾಮಾನು ಕೆಡದಂತೆ ನೋಡುವುದೂ ಬ್ಯಾಗು ಬಳಸುವುದರ ಒಂದು ಭಾಗ. ನಮ್ಮ ಕಡೆ ಅಮಾಸಿಗೆ ಗಾಡಿ, ಅಂಗಡಿ ತೊಳೆದು ಪೂಜೆ ಮಾಡುತ್ತಾರಲ್ಲ, ಅದೇ ದಿನ ನಾನು ಬ್ಯಾಗು ಖಾಲಿ ಮಾಡುತ್ತೇನೆ. ಗುಳಿಗೆಯ ತಾರೀಖು ನೋಡಿ, ಗ್ಲೂಕೋಸ್ ಗಂಟು ಕಟ್ಟಿದೆಯೋ ಮುಟ್ಟಿ ನೋಡಿ, ಪವರ್ ಬ್ಯಾಂಕು ಚಾರ್ಜಿಗೆ ಹಾಕುತ್ತೇನೆ. ಮಳೆಗಾಲದಲ್ಲಿ ಪುಡಿ ಬೇಗ ಗಟ್ಟಿಯಾಗುತ್ತದೆ. ಬ್ಯಾಟರಿಯ ಸೆಲ್ಲನ್ನು ಬಿಚ್ಚಿ ಬೇರೆ ಇಟ್ಟರೆ ಸೋರಿ ಹಾಳಾಗುವ ಭಯವಿಲ್ಲ. ಬೇಸಿಗೆಯಲ್ಲಿ ಸ್ಕೂಟಿಯ ಡಿಕ್ಕಿಯಲ್ಲಿ, ನಿಲ್ಲಿಸಿದ ಕಾರಿನಲ್ಲಿ ಈ ಬ್ಯಾಗು ಬಿಡಬೇಡಿ, ಗುಳಿಗೆಗೂ ಪವರ್ ಬ್ಯಾಂಕಿಗೂ ಆ ಕಾವು ಆಗದು. ಇನ್ಸುಲಿನ್ ಇಡಲಂತೂ ಇದು ತಕ್ಕ ಜಾಗವಲ್ಲ.

ದೋಷಗಳೂ ಇವೆ. ಪಟ್ಟಾದ ಅಳತೆ ಹಿಡಿಯುವ ಪ್ಲಾಸ್ಟಿಕ್ ಬಕಲು ಜಾರುತ್ತದೆ. ಮುಂಜಾನೆ ಸೊಂಟದ ಮೇಲಿದ್ದ ಬ್ಯಾಗು ಸಂಜೆಗೆ ತೊಡೆಗೆ ಬಂದಿರುತ್ತದೆ. ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರಿನ ಪ್ಲಾಟ್‌ಫಾರ್ಮಿನಲ್ಲಿ ಈ ತುದಿಯಿಂದ ಆ ತುದಿಗೆ ಬೋಗಿ ಹುಡುಕಿ ನಡೆದರೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಕೊನೆಗೆ ನನ್ನ ಅಳತೆಗೆ ಇಟ್ಟು ಎರಡು ಹೊಲಿಗೆ ಹಾಕಿಬಿಟ್ಟೆ. ಏಪ್ರಿಲ್‌ನಲ್ಲಿ ಮೈಗೆ ತಾಗುವ ಬದಿ ಬೆವರಿನಿಂದ ತೊಯ್ಯುತ್ತದೆ, ಅಲ್ಲಿನ ಜಾಳಿಗೆ ಬಟ್ಟೆ ಹೆಸರಿಗೆ ಮಾತ್ರ. ನೀರಿನ ಬಾಟಲಿಗೆ, ಛತ್ರಿಗೆ, ಊಟದ ಡಬ್ಬಿಗೆ ಜಾಗವಿಲ್ಲ. ಅವಕ್ಕೆ ಬಟ್ಟೆಯ ಕೈಚೀಲ ಬೇರೆ ಒಯ್ಯುತ್ತೇನೆ. ಲ್ಯಾಪ್‌ಟಾಪ್ ಒಯ್ಯುವವರು, ಸಣ್ಣ ಕೂಸನ್ನು ಎತ್ತಿಕೊಂಡು ಓಡಾಡುವವರು ಇದನ್ನು ಕೊಳ್ಳಬೇಡಿ. ಕೂಸಿನ ಸಾಮಾನಿಗೆ ಹತ್ತು ಲೀಟರೂ ಕಡಿಮೆ.

ಕೊಳ್ಳುವುದಾದರೆ ಕೊಪ್ಪಿಕರ್ ರಸ್ತೆಯಲ್ಲೋ ಸುಭಾಷ್ ರಸ್ತೆಯಲ್ಲೋ ಅಂಗಡಿಗೆ ಹೋಗುವ ಮೊದಲು ನಿಮ್ಮ ಸಾಮಾನನ್ನೆಲ್ಲ ಚಾಪೆಯ ಮೇಲೆ ಹರವಿ, ಬೇಡದ್ದನ್ನು ತೆಗೆದು, ಉಳಿದದ್ದನ್ನು ಒಂದು ಚೀಲದಲ್ಲಿ ಜೊತೆಗೇ ಒಯ್ಯಿರಿ. ಅಂಗಡಿಯಲ್ಲೇ ಬ್ಯಾಗಿಗೆ ತುಂಬಿಸಿ, ಹೆಗಲಿಗೆ ಹಾಕಿ, ಪಟ್ಟಾ ಜಗ್ಗಿ ನೋಡಿ. ಆಮೇಲೆ ಕಣ್ಣು ಮುಚ್ಚಿ ಒಂದೇ ಕೈಯಲ್ಲಿ ಚೈನು ತೆಗೆದು ಬ್ಯಾಟರಿ ಹೊರತೆಗೆಯಿರಿ. ಚೈನು ಎಳೆಯಲು ಎರಡು ಕೈ ಬೇಕಾದರೆ ಅದನ್ನು ಅಲ್ಲೇ ಬಿಟ್ಟು ಮತ್ತೊಂದು ತೋರಿಸಿ ಎನ್ನಿ.