1957ರ ಇಆರ್‌ಎಫ್ ಲಾರಿ, ಗಾರ್ಡ್‌ನರ್ ಎಂಜಿನ್: ಹನ್ನೆರಡು ವರ್ಷ ಓಡಿಸಿದ ಮೇಲೆ

ಹಳೇ ಬ್ರಿಟಿಷ್ ಲಾರಿ ಇಟ್ಟುಕೊಳ್ಳುವುದು ಹೇಗಿರುತ್ತೆ, ತಗೋಬಹುದಾ ಅಂತ ಇಲ್ಲಿರುವ ಕನ್ನಡದವರೇ ಕೆಲವರು ಕೇಳುತ್ತಿರುತ್ತಾರೆ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನಿರುವುದು ಇಂಗ್ಲೆಂಡಿನ ಚೆಶೈರ್‌ನಲ್ಲಿ, ಊರು ದಾವಣಗೆರೆ. ನನ್ನ ಲಾರಿ 1957ರ ಇಆರ್‌ಎಫ್ 54ಜಿ. 2012ರಲ್ಲಿ ಕೊಂಡೆ.

ಆ ನಂಬರಿನ ಅರ್ಥ ಮೊದಲು ಹೇಳಿಬಿಡುತ್ತೇನೆ. 5 ಅಂದರೆ ಐದು ಸಿಲಿಂಡರ್. 4 ಅಂದರೆ ನಾಲ್ಕು ಗಾಲಿ, ಹಿಂದಿನ ಜೋಡಿ ಟೈರು ಒಂದೇ ಗಾಲಿ ಅಂತ ಲೆಕ್ಕ. ಜಿ ಅಂದರೆ ಗಾರ್ಡ್‌ನರ್ ಎಂಜಿನ್. ಎಂಟು ಗಾಲಿಯ ದೊಡ್ಡಣ್ಣನಿಗೆ 68ಜಿ ಅಂತ ಹೆಸರು. ಆ ಕಾಲದಲ್ಲಿ ಲೇಲ್ಯಾಂಡ್‌ನವರು ಲಾರಿಗಳಿಗೆ ಆಕ್ಟೋಪಸ್, ಹಿಪ್ಪೋ, ಬೀವರ್ ಅಂತ ಪ್ರಾಣಿಗಳ ಹೆಸರಿಡುತ್ತಿದ್ದರು. ಸೌತಾಲ್‌ನ ಎಇಸಿಯವರದು ಮ್ಯಾಮತ್, ಮ್ಯಾಂಡೇಟರ್, ಮರ್ಕ್ಯುರಿ, ಮೊನಾರ್ಕ್, ಎಲ್ಲಾ ಮಕಾರದಿಂದಲೇ ಶುರು. ಇಆರ್‌ಎಫ್‌ನವರು ಮಾತ್ರ ಲಾರಿಯಲ್ಲಿ ಏನಿದೆಯೋ ಅದನ್ನೇ ಹೆಸರಾಗಿ ಬರೆದರು. ನನಗೆ ಇದೇ ಇಷ್ಟ.

ಕಂಪನಿಯ ಕಥೆಯೂ ಹಾಗೇ ನೇರ. ಸ್ಯಾಂಡ್‌ಬಾಕ್ ಅನ್ನೋದು ಚೆಶೈರ್‌ನ ಸಣ್ಣ ಪೇಟೆ. ಆ ಒಂದೇ ಪೇಟೆಯಲ್ಲಿ ಎರಡು ಲಾರಿ ಕಾರ್ಖಾನೆ ಇದ್ದವು, ಫೋಡೆನ್ ಮತ್ತು ಇಆರ್‌ಎಫ್. ಇಆರ್‌ಎಫ್ ಅಂದರೆ ಎಡ್ವಿನ್ ರಿಚರ್ಡ್ ಫೋಡೆನ್. ಇವರ ಮನೆತನದ ಕಂಪನಿ ಹಬೆ ಲಾರಿಗಳಿಗೆ ಹೆಸರಾಗಿತ್ತು. ಮುಂದೆ ಬರುವುದು ಡೀಸೆಲ್ ಕಾಲ ಅಂತ ಇವರಿಗೆ ಅನ್ನಿಸಿತ್ತು. ಆ ಕಂಪನಿ ಬಿಟ್ಟು ಬಂದು 1933ರಲ್ಲಿ ಗಾರ್ಡ್‌ನರ್ ಡೀಸೆಲ್ ಎಂಜಿನ್ ಕೂರಿಸಿದ ತಮ್ಮದೇ ಲಾರಿ ಕಟ್ಟಿದರು. ಆಗ ಅವರ ವಯಸ್ಸು 63. ಆ ಮೊದಲ ಲಾರಿಯ ಚಾಸಿ ನಂಬರೂ 63. ನಮ್ಮ ಕಡೆ ಆ ವಯಸ್ಸಿಗೆ ಜನ ಜಗುಲಿ ಮೇಲೆ ಕೂತು ಮೊಮ್ಮಕ್ಕಳನ್ನು ಆಡಿಸುತ್ತಿರುತ್ತಾರೆ, ಈ ಮನುಷ್ಯ ಹೊಸ ಕಾರ್ಖಾನೆ ಶುರು ಮಾಡಿದರು. ಬಾನೆಟ್ ತೆಗೆದಾಗೆಲ್ಲ ನನಗೆ ಅದು ನೆನಪಾಗುತ್ತೆ.

ಈಗ ಎಂಜಿನ್. ಈ ಲಾರಿ ಕೊಳ್ಳಲು ಕಾರಣವೇ ಅದು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಇದು ಗಾರ್ಡ್‌ನರ್ 5ಎಲ್‌ಡಬ್ಲ್ಯೂ. ಮ್ಯಾಂಚೆಸ್ಟರ್ ಪಕ್ಕದ ಪ್ಯಾಟ್ರಿಕ್ರಾಫ್ಟ್‌ನಲ್ಲಿ ತಯಾರಾದದ್ದು. ಏಳು ಲೀಟರ್, 94 ಎಚ್‌ಪಿ, ಅಷ್ಟೇ. ಇವತ್ತಿನ ಸಣ್ಣ ಕಾರಿಗೂ ಅಷ್ಟು ಶಕ್ತಿ ಇರುತ್ತೆ. ಆದರೆ ಆ 94 ಎಚ್‌ಪಿ ಬರುವುದು ನಿಮಿಷಕ್ಕೆ 1700 ಸುತ್ತಿನಲ್ಲಿ, ಅದರ ಮೇಲೆ ಅದು ತಿರುಗುವುದೇ ಇಲ್ಲ. ನಿಧಾನವಾಗಿ ತಿರುಗುತ್ತೆ, ಹಾಗಾಗಿ ಸವೆಯುವುದೂ ನಿಧಾನ. ಐದು ಸಿಲಿಂಡರನ್ನು ಮೂರು ಮತ್ತು ಎರಡರ ಬ್ಲಾಕ್ ಆಗಿ ಬೇರೆ ಬೇರೆ ಕಟ್ಟಿದ್ದಾರೆ, ಅಂದರೆ ಒಂದು ಕಡೆ ಕೆಲಸ ಇದ್ದರೆ ಇನ್ನೊಂದನ್ನು ಮುಟ್ಟಬೇಕಿಲ್ಲ. ಕೆಳಗಿನ ಕ್ರ್ಯಾಂಕ್‌ಕೇಸ್ ಅಲ್ಯೂಮಿನಿಯಂ. ಡೀಸೆಲ್ ಪಂಪಿನ ಮೇಲೆ ಒಂದೊಂದು ಸಿಲಿಂಡರಿಗೂ ಒಂದೊಂದು ಸಣ್ಣ ಲಿವರ್ ಇದೆ. ತಿಂಗಳುಗಟ್ಟಲೆ ನಿಂತಿದ್ದ ಲಾರಿಯನ್ನು ಹೊರಡಿಸುವ ಮೊದಲು ಅದನ್ನು ಕೈಯಿಂದ ಒತ್ತುತ್ತಾ ಹೋಗಬೇಕು, ಒಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಕಿರ್ ಅಂತ ಸದ್ದು ಕೊಡುವ ತನಕ. ಐದೂ ಕಿರ್ ಅಂದವು ಅಂದರೆ ಸ್ಟಾರ್ಟ್ ಆದ ಹಾಗೇ. ಜನವರಿಯ ಚಳಿಯಲ್ಲೂ ನನಗೆ ಕೈ ಕೊಟ್ಟಿಲ್ಲ.

ಸದ್ದಿನ ಬಗ್ಗೆ ಒಂದು ಮಾತು. ನಮ್ಮ ಅಪ್ಪ ಪುಣೆ ಬೆಂಗಳೂರು ರಸ್ತೆಯಲ್ಲಿ ವರ್ಷಗಟ್ಟಲೆ ಲೇಲ್ಯಾಂಡ್ ಕಾಮೆಟ್ ಓಡಿಸಿದವರು. ಅವರ ಗಾಡಿ ಕಟ್ಟಿದ್ದು ಮದ್ರಾಸಿನ ಹತ್ತಿರ ಎಣ್ಣೂರಿನಲ್ಲಿ, ಅಶೋಕ್ ಲೇಲ್ಯಾಂಡ್‌ನವರು. ಆದರೆ ಆ ಕಾಮೆಟ್‌ನ ಬೇರು ಇರುವುದು ಇಲ್ಲಿಂದ ಒಂದೆರಡು ಗಂಟೆ ದಾರಿಯ ಲೇಲ್ಯಾಂಡ್ ಅನ್ನೋ ಲ್ಯಾಂಕಶೈರ್ ಪೇಟೆಯಲ್ಲಿ. ನಾನು ಲಾರಿ ತಂದ ದಿನ ವಿಡಿಯೋ ಕಾಲ್‌ನಲ್ಲಿ ಎಂಜಿನ್ ಕೇಳಿಸಿದೆ. ಅಪ್ಪ ಕಣ್ಣು ಮುಚ್ಚಿ ಕೇಳಿದರು. "ಒಂದು ಸಿಲಿಂಡರ್ ಹೊಡೀತಿಲ್ಲ ನೋಡಪ್ಪ, ಮೋಸ ಹೋದೆಯಾ?" ಅಂದರು. ಇಲ್ಲ ಅಪ್ಪಾಜಿ, ಇರುವುದೇ ಐದು ಅಂದೆ. ಆರು ಸಿಲಿಂಡರಿನ ಸದ್ದಿಗೆ ಪಳಗಿದ ಕಿವಿ ಅದು. ಆಮೇಲೆ 2015ರಲ್ಲಿ ಇಲ್ಲಿಗೆ ಬಂದಾಗ ಅದರ ಪಕ್ಕ ಕುರ್ಚಿ ಹಾಕಿಸಿಕೊಂಡು ಅರ್ಧ ಗಂಟೆ ಸುಮ್ನೆ ಕೇಳುತ್ತಾ ಕೂತಿದ್ದರು.

ಗೇರ್ ಹಾಕುವುದನ್ನು ನನಗೆ ಸರಿಯಾಗಿ ಕಲಿಸಿದ್ದೂ ಅವರೇ. ಇದರಲ್ಲಿ ಡಬಲ್ ಕ್ಲಚ್ ಇಲ್ಲದೆ, ಅಂದರೆ ಪ್ರತಿ ಗೇರಿಗೂ ಕ್ಲಚ್ ಎರಡು ಸಲ ಒತ್ತದೆ, ಗೇರ್ ಬೀಳುವುದಿಲ್ಲ. ಅದಕ್ಕಿಂತ ಕಷ್ಟ ಏನೆಂದರೆ ಗಾರ್ಡ್‌ನರ್‌ನ ಫ್ಲೈವೀಲ್, ಅಂದರೆ ಎಂಜಿನ್ ಜೊತೆ ತಿರುಗುವ ಚಕ್ರ, ತುಂಬಾ ಭಾರ, ಕಾಲು ಎತ್ತಿದರೂ ಎಂಜಿನ್ ಸುತ್ತು ಬೇಗ ಇಳಿಯುವುದಿಲ್ಲ. ನಾನು ಮೊದಲ ವರ್ಷ ಪೂರ್ತಿ ಕರಕರ ಅನ್ನಿಸಿಕೊಂಡೇ ಓಡಿಸಿದೆ. ಅಪ್ಪ ಪಕ್ಕದಲ್ಲಿ ಕೂತು ಹೇಳಿದ್ದು ಇಷ್ಟೇ: "ಅವಸರ ಮಾಡಬೇಡ. ನ್ಯೂಟ್ರಲ್‌ಗೆ ತಂದು ಕೈ ಸಡಿಲ ಬಿಡು. ಅದೇ ಕರೆಯುತ್ತೆ, ಆಗ ಹಾಕು." ನಿಜ, ಅದು ಕರೆಯುತ್ತೆ. ಸದ್ದು ಒಂದು ಹಂತಕ್ಕೆ ಇಳಿದಾಗ ಗೇರ್ ಬೆಣ್ಣೆಯೊಳಗೆ ಚಮಚ ಇಳಿದ ಹಾಗೆ ಬೀಳುತ್ತೆ.

ವೇಗ ಕೇಳುವವರಿಗೆ: ನಾನು ಗಂಟೆಗೆ 55 ಕಿಲೋಮೀಟರ್ ದಾಟಿಸುವುದಿಲ್ಲ. ಈ ದೇಶದಲ್ಲಿ ದೊಡ್ಡ ಲಾರಿಗಳಿಗೆ 1957ರ ತನಕ ಕಾನೂನಿನ ಮಿತಿ ಗಂಟೆಗೆ 20 ಮೈಲಿ, ಅಂದರೆ 32 ಕಿಲೋಮೀಟರ್. ಆಮೇಲೆ 30 ಮೈಲಿ ಆಯಿತು. ಆ ಲೆಕ್ಕಕ್ಕೆ ಕಟ್ಟಿದ ಲಾರಿ ಇದು. ಹಿಂದೆ ಕಾರುಗಳ ಸಾಲು ನಿಲ್ಲುತ್ತೆ, ಜಾಗ ಸಿಕ್ಕಲ್ಲಿ ಪಕ್ಕಕ್ಕೆ ನಿಲ್ಲಿಸಿ ಬಿಟ್ಟುಕೊಡಿ. ಡೀಸೆಲ್ ಖಾಲಿ ಗಾಡಿಗೆ ಲೀಟರಿಗೆ ಐದು ಕಿಲೋಮೀಟರ್ ಹತ್ತಿರ ಕೊಡುತ್ತೆ. ಬ್ರೇಕ್ ಪರವಾಗಿಲ್ಲ, ಆದರೆ ಮುಂದಿನದನ್ನು ಮೊದಲೇ ನೋಡಿ ಒತ್ತಬೇಕು. ಸ್ಟೇರಿಂಗ್‌ಗೆ ಪವರ್ ಇಲ್ಲ, ನಿಂತಲ್ಲೇ ತಿರುಗಿಸಲು ಹೋಗಬೇಡಿ, ಭುಜ ಹೋಗುತ್ತೆ.

ಇನ್ನು ಬೇಸರದ ವಿಷಯ. ಕ್ಯಾಬ್, ಅಂದರೆ ಡ್ರೈವರ್ ಕೂರುವ ಜಾಗ. ನೋಡಲು ಬಹಳ ಚೆಂದ, ಮುಂದೆ ಮೊಟ್ಟೆಯಾಕಾರದ ಗ್ರಿಲ್, ಮೂಲೆಗೆ ಬಾಗಿದ ಗಾಜು, ಒಳಗಿನ ಚೌಕಟ್ಟು ಮರದ್ದು. ಆದರೆ ನನ್ನದರಲ್ಲಿ ಹೀಟರ್ ಇಲ್ಲ. ನಡುವೆ ಎಂಜಿನ್ ಇರುವುದರಿಂದ ಎಡಗಾಲು ಬೇಯುತ್ತೆ, ಬಲಗಾಲು ಹೆಪ್ಪುಗಟ್ಟುತ್ತೆ. ಬಾಗಿಲ ಸಂದಿಯಿಂದ ಗಾಳಿ ಚಾಕುವಿನ ಹಾಗೆ ಬರುತ್ತೆ. ಆಗಿನ ಡ್ರೈವರ್‌ಗಳು ಹಳೇ ಮಿಲಿಟರಿ ಕೋಟನ್ನು ಮೊಣಕಾಲಿಗೆ ಸುತ್ತಿಕೊಂಡು ರಾತ್ರಿಯಿಡೀ ಓಡಿಸುತ್ತಿದ್ದರಂತೆ. ನನಗೆ ಇದರ ಮೇಲೆ ನಿಜವಾದ ಸಿಟ್ಟಿದೆ. ಎಂಜಿನ್ನಿಗೆ ಅಷ್ಟು ತಲೆ ಓಡಿಸಿದ ದೇಶ ಅದನ್ನು ಓಡಿಸುವವನ ಕಾಲಿನ ಬಗ್ಗೆ ಯೋಚಿಸಲಿಲ್ಲ. 1960ರ ದಶಕದ ಕೊನೆಗೆ ಸ್ವೀಡನ್ನಿನಿಂದ ವೋಲ್ವೋ, ಸ್ಕ್ಯಾನಿಯಾ ಬಂದವು. ಬೆಚ್ಚಗಿನ ಕ್ಯಾಬ್, ಒಳ್ಳೆ ಸೀಟು. ಡ್ರೈವರ್‌ಗಳು ಅವನ್ನೇ ಕೇಳಿದರು, ಯಾಕೆ ಕೇಳಬಾರದು? ಅಟ್ಕಿನ್ಸನ್, ಸ್ಕ್ಯಾಮೆಲ್, ಎಇಸಿ, ಗಾರ್ಡ್‌ನರ್, ಎಲ್ಲಾ ಒಂದೊಂದಾಗಿ ಹೋದವು. ಸ್ಯಾಂಡ್‌ಬಾಕ್‌ನ ಎರಡು ಹೆಸರೂ ಉಳಿಯಲಿಲ್ಲ, ಫೋಡೆನ್ 2006ರಲ್ಲಿ, ಇಆರ್‌ಎಫ್ 2007ರಲ್ಲಿ ನಿಂತವು. ಕಾರಣ ಇದೊಂದೇ ಅಂತಲ್ಲ. ಆದರೆ ಚಳಿಗಾಲದಲ್ಲಿ ಒಂದು ಸಲ ಇದನ್ನು ಓಡಿಸಿದವರಿಗೆ ಇದೂ ಒಂದು ಕಾರಣ ಅಂತ ಮೊಣಕಾಲೇ ಹೇಳುತ್ತೆ.

ಇನ್ನೊಂದು ನೋವಿದೆ. ಕೊಂಡಾಗ ಬಾಗಿಲ ಮೇಲೆ ಬೂದು ಬಣ್ಣ ಬಳಿದಿದ್ದರು. ಓರೆಯಾಗಿ ಬಿಸಿಲು ಬಿದ್ದಾಗ ಅದರ ಕೆಳಗೆ ಕೈಯಲ್ಲಿ ಬರೆದ ಅಕ್ಷರ ಕಾಣುತ್ತಿತ್ತು, ಮೊದಲ ಮಾಲೀಕರ ಟ್ರಾನ್ಸ್‌ಪೋರ್ಟ್ ಹೆಸರು. ಕ್ಯಾಬಿನ ಮರದ ಕೆಲಸಕ್ಕೆ ಒಂದು ವರ್ಕ್‌ಶಾಪಿಗೆ ಕೊಟ್ಟೆ, ಬಾಗಿಲು ಮುಟ್ಟಬೇಡಿ, ಆ ಅಕ್ಷರದ ಅಚ್ಚು ತೆಗೆದುಕೊಳ್ಳಬೇಕು ಅಂತ ಚೀಟಿ ಬರೆದು ಅಂಟಿಸಿ ಬಂದಿದ್ದೆ. ವಾಪಸ್ ಹೋದಾಗ ಪೂರ್ತಿ ಉಜ್ಜಿ, ಲೋಹ ಹೊಳೆಯುವ ಹಾಗೆ ಮಾಡಿ ಇಟ್ಟಿದ್ದರು. ಒಳ್ಳೆ ಕೆಲಸ ಮಾಡಿದ್ದೀವಿ ಅಂತಲೇ ಅವರಿಗೆ ಅನ್ನಿಸಿತ್ತು. ಅವತ್ತು ನಾನು ಮನೆಗೆ ಬಂದು ಯಾರ ಜೊತೆಯೂ ಮಾತಾಡಲಿಲ್ಲ. ದಯವಿಟ್ಟು, ಹಳೇ ಲಾರಿ ಕೊಂಡವರು ಮೊದಲ ದಿನವೇ ಬಾಗಿಲು, ಹೆಡ್‌ಬೋರ್ಡ್, ಹಿಂದಿನ ಹಲಗೆ ಎಲ್ಲದರ ಫೋಟೋ ತೆಗೆದಿಟ್ಟುಕೊಳ್ಳಿ. ಎಂಜಿನ್ ಮತ್ತೆ ಕಟ್ಟಬಹುದು, ಉಜ್ಜಿಹೋದ ಅಕ್ಷರ ಬರುವುದಿಲ್ಲ.

ನಮ್ಮಲ್ಲಿ ಲಾರಿಯ ಹಣೆ ಮೇಲೆ ದೇವರ ಹೆಸರು, ಮಕ್ಕಳ ಹೆಸರು ಬರೆಸುತ್ತೇವಲ್ಲ, ಇಲ್ಲೂ ಅದೇ ಪ್ರೀತಿ. ಬಣ್ಣ ನೋಡಿಯೇ ಯಾರ ಗಾಡಿ ಅಂತ ದೂರದಿಂದ ಹೇಳುತ್ತಿದ್ದರು. ಪಿಕ್‌ಫೋರ್ಡ್ಸ್ ಅಂದರೆ ನೀಲಿ. ಸರ್ಕಾರದ ಬ್ರಿಟಿಷ್ ರೋಡ್ ಸರ್ವಿಸಸ್ ಅಂದರೆ ಕೆಂಪು. ಕಾರ್ಲೈಲ್ ಕಡೆಯ ಎಡ್ಡಿ ಸ್ಟೋಬಾರ್ಟ್‌ನವರು ಲಾರಿಗಳಿಗೆ ಹೆಣ್ಣುಮಕ್ಕಳ ಹೆಸರಿಟ್ಟರು, ಆ ಹೆಸರುಗಳನ್ನು ಎಣಿಸುತ್ತಾ ಬೆಳೆದ ಮಕ್ಕಳು ಈ ದೇಶದಲ್ಲಿ ಲೆಕ್ಕವಿಲ್ಲದಷ್ಟು.

ನನ್ನ ಬಾಗಿಲಿಗೆ ಹೆಸರು ವಾಪಸ್ ಬಂದದ್ದು ಹೀಗೆ. ಹಳೇ ನೋಂದಣಿ ಪುಸ್ತಕದಲ್ಲಿ ಮೊದಲ ಮಾಲೀಕರ ಹೆಸರಿತ್ತು, ಸ್ಟೋಕ್ ಕಡೆಯ ಸಣ್ಣ ಟ್ರಾನ್ಸ್‌ಪೋರ್ಟ್. ಪಿಂಗಾಣಿ ಸಾಮಾನನ್ನು ಹುಲ್ಲು ತುಂಬಿದ ಪೆಟ್ಟಿಗೆಗಳಲ್ಲಿ ಲಿವರ್‌ಪೂಲ್ ಬಂದರಿಗೆ ಸಾಗಿಸುತ್ತಿದ್ದರು. ಬರೀ ಹೆಸರು ಗೊತ್ತಿದ್ದು ಏನು ಮಾಡುವುದು, ಅಕ್ಷರದ ರೂಪ ಬೇಕಲ್ಲ. ಮೂರು ವರ್ಷ ಬಾಗಿಲು ಖಾಲಿಯಾಗೇ ಓಡಿಸಿದೆ. ಒಂದು ಲಾರಿ ಮೇಳದಲ್ಲಿ ಎಂಬತ್ತು ದಾಟಿದ ಒಬ್ಬರು ಬಂದು ರೇಡಿಯೇಟರ್ ಮೇಲೆ ಕೈಯಿಟ್ಟು ನಿಂತರು. ನಂಬರ್ ಪ್ಲೇಟ್ ನೋಡಿ ಗುರುತು ಹಿಡಿದಿದ್ದರು. ಆರು ವರ್ಷ ಇದೇ ಗಾಡಿ ಓಡಿಸಿದವರು. ಜೇಬಿನಿಂದ ಪರ್ಸ್ ತೆಗೆದು ಒಂದು ಫೋಟೋ ತೋರಿಸಿದರು. ಈ ಲಾರಿಯ ಮುಂದೆ ಮದುವೆ ಬಟ್ಟೆಯಲ್ಲಿ ಅವರು, ಪಕ್ಕದಲ್ಲಿ ಹೆಂಡತಿ, ಹಿಂದೆ ಬಾಗಿಲು, ಬಾಗಿಲ ಮೇಲೆ ಹೆಸರು.

ಆ ಫೋಟೋ ನೋಡಿಕೊಂಡೇ ಕೈಯಲ್ಲಿ ಅಕ್ಷರ ಬರೆಯುವ ಒಬ್ಬರ ಹತ್ತಿರ ಬರೆಸಿದೆ. ಅಂಟಿಸುವ ಸ್ಟಿಕ್ಕರ್ ಬೇಡ ಅಂತ ಆ ಹಿರಿಯರು ಕಟ್ಟುನಿಟ್ಟಾಗಿ ಹೇಳಿದ್ದರು.

ಆಮೇಲೆ ಅವರು ಆಗಾಗ ಬರತೊಡಗಿದರು. ಬೆನ್ನು ಬಾಗಿದ್ದರೂ ಹಗ್ಗ ಬಿಗಿಯುವುದನ್ನು ಕಲಿಸಿದರು. ಲೋಡಿನ ಮೇಲೆ ತಾಡಪಾಲು ಹೊದಿಸಿ, ಮಳೆನೀರು ಮುಂದಿನಿಂದ ಒಳಗೆ ಹೋಗದ ಹಾಗೆ ಮೂಲೆ ಮಡಿಚಿ, ಹಗ್ಗಕ್ಕೆ ಡಾಲಿ ಅನ್ನೋ ಗಂಟು ಹಾಕಿ ಎಳೆಯುವುದು. ಒಂದು ಸಲ ಎಳೆದರೆ ರಾಟೆ ಹಾಕಿದ ಹಾಗೆ ಬಿಗಿಯಾಗುತ್ತೆ, ಬಿಚ್ಚುವಾಗ ಒಂದೇ ಜಗ್ಗಿಗೆ ಬಿಚ್ಚುತ್ತೆ. ಅಪ್ಪನಿಗೆ ಅದರ ವಿಡಿಯೋ ಕಳಿಸಿದೆ. "ಇದು ನಮ್ಮ ಗಂಟೇ ಅಲ್ವಾ" ಅಂದರು.

ಆ ಹಿರಿಯರ ಜೊತೆ ಮಾಡಿದ ಒಂದು ಪ್ರಯಾಣಕ್ಕೇ ಈ ಲಾರಿಯ ದುಡ್ಡು ಹುಟ್ಟಿತು ಅನ್ನುತ್ತೇನೆ. ಹಳೇ ಎ6 ರಸ್ತೆಯಲ್ಲಿ ಕೆಂಡಲ್‌ನಿಂದ ಶ್ಯಾಪ್ ಗುಡ್ಡ ಹತ್ತಿದೆವು. 1970ರಲ್ಲಿ ಆ ಕಡೆ ಎಂ6 ಹೆದ್ದಾರಿ ತೆರೆಯುವ ತನಕ ಈ ಬದಿಯಿಂದ ಸ್ಕಾಟ್ಲೆಂಡಿಗೆ ಹೋಗುವ ಲಾರಿಗಳು ಹತ್ತಬೇಕಿದ್ದ ಗುಡ್ಡ ಅದು, ತುದಿ 400 ಮೀಟರಿಗಿಂತ ಎತ್ತರ. ಹಿಮ ಬಿದ್ದರೆ ಲಾರಿಗಳು ಅಲ್ಲೇ ಸಿಕ್ಕಿಕೊಳ್ಳುತ್ತಿದ್ದವು. ನಾವು ಹೋದದ್ದು ಜೂನ್‌ನಲ್ಲಿ, ಖಾಲಿ ಗಾಡಿಯಲ್ಲಿ, ಆದರೂ ಮೂರನೇ ಗೇರಿಗೆ ಬಂತು. ಅವರು ದಾರಿಯುದ್ದಕ್ಕೂ ತಿರುವು ಬರುವ ಮೊದಲೇ ಅದರ ಬಗ್ಗೆ ಹೇಳುತ್ತಿದ್ದರು, ಇಲ್ಲಿ ಇಳಿಸು, ಇಲ್ಲಿ ಬಲಕ್ಕೆ ಒತ್ತು, ಇಲ್ಲಿ ಗಾಳಿ ಹೊಡೆಯುತ್ತೆ. ತುದಿಯಲ್ಲಿ ಆ ಕಷ್ಟದ ರಸ್ತೆಯಲ್ಲಿ ಗಾಡಿ ಓಡಿಸಿದವರ ನೆನಪಿಗೆ ಒಂದು ಕಲ್ಲು ನಿಲ್ಲಿಸಿದ್ದಾರೆ. ಅವರು ಇಳಿದು ಟೋಪಿ ತೆಗೆದು ಅದರ ಮುಂದೆ ನಿಂತರು. ನಾನು ಎಂಜಿನ್ ಆಫ್ ಮಾಡಲು ಹೋದೆ. ಬೇಡ, ಓಡಲಿ ಅಂದರು.

ಕೊಳ್ಳುವವರಿಗೆ ಇನ್ನು ಕೆಲವು ಮಾತು. 1960ಕ್ಕೆ ಮೊದಲು ತಯಾರಾದ ಲಾರಿಯನ್ನು ಖಾಲಿಯಾಗಿ ಓಡಿಸುವುದಾದರೆ ಇಲ್ಲಿ ಕಾರಿನ ಲೈಸೆನ್ಸ್ ಸಾಕು, ಹೊಸಬರಿಗೆ ಇದು ದೊಡ್ಡ ಅನುಕೂಲ. ಸಾಮಾನು ಹೇರಿದರೆ ಆ ವಿನಾಯಿತಿ ಇಲ್ಲ, ಗೆಳೆಯನ ಸೋಫಾ ಸಾಗಿಸಲು ಹೋಗಬೇಡಿ. ಎಂಜಿನ್ ಬಿಡಿಭಾಗದ ಚಿಂತೆ ಕಡಿಮೆ, ಗಾರ್ಡ್‌ನರ್ ಎಂಜಿನ್ ಬಸ್ಸುಗಳಲ್ಲೂ ಮೀನುಗಾರಿಕೆ ದೋಣಿಗಳಲ್ಲೂ ಬೇಕಾದಷ್ಟಿದ್ದವು, ಹುಡುಕಿದರೆ ಸಿಗುತ್ತವೆ. ಕ್ಯಾಬಿನ ಭಾಗಗಳು ಸಿಗುವುದಿಲ್ಲ, ಮಾಡಿಸಬೇಕು. ಹಾಗಾಗಿ ಎಂಜಿನ್ ಕೆಟ್ಟಿದ್ದು ಕ್ಯಾಬ್ ಚೆನ್ನಾಗಿರುವ ಗಾಡಿ ಸಿಕ್ಕರೆ ತಗೊಳ್ಳಿ, ಉಲ್ಟಾ ಬೇಡ. ಟೈರಿನ ಮೇಲಿನ ತಯಾರಿಕೆ ದಿನಾಂಕ ನೀವೇ ಬಗ್ಗಿ ಓದಿ, ಹೊಸದು ಅಂತ ನನಗೆ ಕೊಟ್ಟವು ಒಂಬತ್ತು ವರ್ಷ ಗೋಡೌನಿನಲ್ಲಿ ಮಲಗಿದ್ದವು. ಗ್ರೀಸ್ ಹಾಕುವ ಕೆಲಸ ಬೇರೆಯವರಿಗೆ ಬಿಡಬೇಡಿ.

ಐದಕ್ಕೆ ಎಷ್ಟು ಕೊಡುತ್ತೀಯ ಅಂದರೆ ಎಂಜಿನ್ನಿಗೆ ಐದು, ಕ್ಯಾಬಿಗೆ ಎರಡು. ನೋಡಬೇಕು ಅನ್ನಿಸಿದವರು ಏಪ್ರಿಲ್‌ನಲ್ಲಿ ಸ್ಯಾಂಡ್‌ಬಾಕ್ ಟ್ರಾನ್ಸ್‌ಪೋರ್ಟ್ ಉತ್ಸವಕ್ಕೆ ಬನ್ನಿ, ನಾನು ಲಾರಿ ತಂದಿರುತ್ತೇನೆ. ಪಕ್ಕದ ಸೀಟು ಖಾಲಿ ಇದ್ದರೆ ಒಂದು ಸುತ್ತು ಕರೆದುಕೊಂಡು ಹೋಗುತ್ತೇನೆ, ಮೊಣಕಾಲಿಗೆ ಹೊದೆಯಲು ಆ ಹಿರಿಯರು ಕೊಟ್ಟುಹೋದ ಕೋಟು ಸೀಟಿನ ಹಿಂದೆಯೇ ಇದೆ.