ಮಣಿಕಟ್ಟಿಗೆ ಪ್ಲೇಟ್ ಹಾಕಿಸಿಕೊಂಡ ಮೇಲೆ ನಾನು ಮಾಡಿ ನೋಡಿದ ನಾಲ್ಕು ದಾರಿ

ಮೂರು ತಿಂಗಳು ನನ್ನ ಬಲ ಅಂಗೈಯಲ್ಲಿ ತೀರ್ಥ ನಿಲ್ಲಲಿಲ್ಲ. ಅರ್ಚಕರು ಉದ್ಧರಣೆ ಬಗ್ಗಿಸುವಷ್ಟರಲ್ಲಿ ನೀರು ಕಿರುಬೆರಳಿನ ಕಡೆಯಿಂದ ಸೋರಿ ಹೋಗುತ್ತಿತ್ತು. ಅಂಗೈಯನ್ನು ಪೂರ್ತಿ ಮೇಲಕ್ಕೆ ತಿರುಗಿಸಲು ಆಗುತ್ತಲೇ ಇರಲಿಲ್ಲ. ಮಣಿಕಟ್ಟು ಮುರಿದವರು ಸಾಮಾನ್ಯವಾಗಿ ಕೈ ಹಿಂದೆ ಮುಂದೆ ಬಾಗುತ್ತದೋ ಇಲ್ಲವೋ ಅಂತ ಚಿಂತೆ ಮಾಡುತ್ತಾರೆ. ನನ್ನನ್ನು ಜಾಸ್ತಿ ಕಾಡಿದ್ದು ಈ ತಿರುಗುವ ಕಷ್ಟ.

ನಮ್ಮದು ಮಂಡ್ಯ. ಅಕ್ಟೋಬರ್ ಮಳೆಯಲ್ಲಿ ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಜಾರಿ, ಕೈ ಊರಿ ಬಿದ್ದೆ. ಮಣಿಕಟ್ಟು ಸೌಟಿನ ಹಾಗೆ ಬಾಗಿತ್ತು. ಹೆಬ್ಬೆರಳಿನ ಕಡೆಯ ಮುಂಗೈ ಮೂಳೆ, ಅಂದರೆ ರೇಡಿಯಸ್, ತುದಿಯಲ್ಲಿ ಮುರಿದಿತ್ತು. ಐರ್ಲೆಂಡಿನ ಸರ್ಜನ್ ಅಬ್ರಹಾಂ ಕಾಲಿಸ್ 1814ರಲ್ಲಿ ವಿವರಿಸಿದ ಮುರಿತ ಇದೇ. ಈಗಲೂ ಡಾಕ್ಟರು ಚೀಟಿಯಲ್ಲಿ ಅವರ ಹೆಸರನ್ನೇ ಬರೆಯುತ್ತಾರೆ. ಮೂರನೇ ದಿನ ಆಪರೇಷನ್ ಆಯಿತು. ಅಂಗೈ ಕಡೆಯಿಂದ ಸೀಳಿ ಪ್ಲೇಟ್ ಮತ್ತು ಸ್ಕ್ರೂ ಹಾಕಿದರು. ಪ್ಲೇಟ್ ಇದ್ದರೆ ಆರು ವಾರ ಕೈ ಕಟ್ಟಿಕೊಂಡು ಕೂರಬೇಕಿಲ್ಲ. ಹೊಲಿಗೆ ಬಿಚ್ಚಿದ ಮೇಲೆ ಡಾಕ್ಟರು ಒಪ್ಪಿದರೆ ನಿಧಾನಕ್ಕೆ ಅಲ್ಲಾಡಿಸಬಹುದು. ನನಗೆ 12ನೇ ದಿನ ಹೊಲಿಗೆ ಬಿಚ್ಚಿದರು.

ಅಲ್ಲಿಂದ ಮುಂದೆ ನಾಲ್ಕು ತಿಂಗಳಲ್ಲಿ ನಾಲ್ಕು ದಾರಿ ನೋಡಿದೆ. ಮೊದಲು ಮನೆಯಲ್ಲೇ ವ್ಯಾಯಾಮ. ಆಮೇಲೆ ಮಂಡ್ಯದಲ್ಲೇ ಮೆಷಿನ್ ಶಾಖ ಕೊಡುವ ಒಂದು ಕ್ಲಿನಿಕ್. ನಡುವೆ ಎಣ್ಣೆ ಹಾಕಿ ನೀವಿಸಿಕೊಂಡದ್ದು. ಕೊನೆಗೆ ಮೈಸೂರಿನಲ್ಲಿ ಕೈಯಿಂದಲೇ ಕೀಲು ಬಿಡಿಸುವ ಫಿಸಿಯೋಥೆರಪಿ. ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಇವನ್ನು ಒಂದಾದ ಮೇಲೆ ಒಂದು ಮಾಡಿದ್ದು. ಕೊನೆಗೆ ಮಾಡಿದ್ದಕ್ಕೆ ಮೂಳೆ ಗಟ್ಟಿಯಾಗಿದ್ದರ ಲಾಭವೂ ಸಿಕ್ಕಿದೆ. ಹಾಗಾಗಿ ಪೂರ್ತಿ ಹೆಸರನ್ನು ಅದಕ್ಕೇ ಕೊಟ್ಟರೆ ತಪ್ಪಾಗುತ್ತದೆ. ಆದರೂ ಪ್ರತಿ ಸಲ ಅಳತೆ ಬರೆದಿಟ್ಟುಕೊಂಡಿದ್ದೇನೆ, ಅದರ ಮೇಲೆ ಮಾತಾಡುತ್ತೇನೆ.

ಅಳತೆ ಅಂದರೆ ಡಿಗ್ರಿ ಲೆಕ್ಕ. ಗೋನಿಯೋಮೀಟರ್ ಅಂತ ಎರಡು ಪಟ್ಟಿಯ ಒಂದು ಸಾಧನ ಇರುತ್ತದೆ, ಕೀಲಿನ ಮೇಲಿಟ್ಟು ನೋಡುತ್ತಾರೆ. ಪುಸ್ತಕದ ಲೆಕ್ಕಕ್ಕಿಂತ ನಿಮ್ಮ ಇನ್ನೊಂದು ಕೈಯ ಅಳತೆ ಮುಖ್ಯ. ನನ್ನ ಎಡಗೈ ಹಿಂದಕ್ಕೆ 70, ಮುಂದಕ್ಕೆ 75 ಡಿಗ್ರಿ ಬಾಗುತ್ತದೆ. ಅಂಗೈ ಮೇಲಕ್ಕೆ 85 ಡಿಗ್ರಿ ತಿರುಗುತ್ತದೆ. ಬಲಗೈ ಇದರ ಹತ್ತಿರ ಬರಬೇಕು ಅನ್ನುವುದೇ ಗುರಿ.

ಮನೆ ವ್ಯಾಯಾಮಕ್ಕೆ ಖರ್ಚಿಲ್ಲ. ಆಸ್ಪತ್ರೆಯಲ್ಲಿ ಕೊಟ್ಟ ಒಂದು ಹಾಳೆ ಸಾಕು. ಬೆರಳು ಪೂರ್ತಿ ಬಿಡಿಸುವುದು, ಮುಷ್ಟಿ ಕಟ್ಟುವುದು, ಹೆಬ್ಬೆರಳನ್ನು ಪ್ರತಿ ಬೆರಳ ತುದಿಗೆ ಮುಟ್ಟಿಸುವುದು, ಕೈ ಎತ್ತಿ ಭುಜ ಆಡಿಸುವುದು. ಇವನ್ನು ಮೊದಲ ದಿನದಿಂದಲೇ ಮಾಡಿದ್ದೆ. ಇದರಿಂದಲೇ ನನ್ನ ಬೆರಳು ಬಿಗಿಯಾಗಲಿಲ್ಲ, ಬಾವು ಬೇಗ ಇಳಿಯಿತು. ಮಣಿಕಟ್ಟಿನ ಮುರಿತದಲ್ಲಿ ಬೆರಳು ಮರಗಟ್ಟಿದವರ ಕಷ್ಟ ನೋಡಿದ್ದೇನೆ, ಅದು ಬೇರೆಯೇ ಗೋಳು. ಹೊಲಿಗೆ ಬಿಚ್ಚಿದ ಮೇಲೆ ಮಣಿಕಟ್ಟನ್ನೂ ಆಡಿಸಲು ಶುರು ಮಾಡಿದೆ. ದಿನಕ್ಕೆ ಐದಾರು ಸಲ, ಪ್ರತಿ ಸಲ ಹತ್ತು ಹತ್ತು. ಆರನೇ ವಾರ ಎಕ್ಸ್‌ರೇಯಲ್ಲಿ ಮೂಳೆ ಚೆನ್ನಾಗಿ ಕೂಡಿದೆ ಅಂದರು. ಆಗ ಹಿಂದಕ್ಕೆ 30, ಮುಂದಕ್ಕೆ 35. ತಿರುಗುವುದು ಮಾತ್ರ 20 ಡಿಗ್ರಿ. ಎಷ್ಟು ಮಾಡಿದರೂ ಅಲ್ಲೇ ನಿಂತಿತ್ತು. ಗೋಡೆಗೆ ಹೋಗಿ ಮುಟ್ಟಿದ ಹಾಗೆ.

ಎಲ್ಲರಿಗೂ ಹೀಗಾಗುವುದಿಲ್ಲ. ಪ್ಲೇಟ್ ಹಾಕಿಸಿಕೊಂಡವರಲ್ಲಿ ಮನೆಯಲ್ಲೇ ವ್ಯಾಯಾಮ ಮಾಡಿದವರನ್ನೂ ಥೆರಪಿಸ್ಟ್ ಹತ್ತಿರ ಹೋದವರನ್ನೂ ಹೋಲಿಸಿದ ಒಂದು ಅಧ್ಯಯನ 2011ರಲ್ಲಿ ಬಂದಿದೆ. ಅದರಲ್ಲಿ ಮನೆಯಲ್ಲೇ ಮಾಡಿದವರು ಹಿಂದೆ ಬೀಳಲಿಲ್ಲ. ಇದನ್ನು ನನಗೆ ಹೇಳಿದ್ದು ಮೈಸೂರಿನ ಫಿಸಿಯೋ ಮೇಡಂ ಅವರೇ. ಆರು ವಾರದಲ್ಲಿ ನಿಮ್ಮ ಅಳತೆ ವಾರವಾರವೂ ಏರುತ್ತಿದ್ದರೆ ಎಲ್ಲಿಗೂ ಓಡಬೇಕಿಲ್ಲ.

ನನ್ನದು ಏರಲಿಲ್ಲ, ಅದಕ್ಕೇ ಮಂಡ್ಯದ ಕ್ಲಿನಿಕ್ಕಿಗೆ ಹೋದೆ. ಒಂದು ಸಲಕ್ಕೆ 300 ರೂಪಾಯಿ. ಹತ್ತು ಸಲ ಹೋದೆ. ಮೊದಲು ಕರೆಂಟಿನ ಪ್ಯಾಡ್ ಹಚ್ಚುತ್ತಿದ್ದರು, ಆಮೇಲೆ ವ್ಯಾಕ್ಸ್ ಬಾತ್. ಕರಗಿದ ಮೇಣದಲ್ಲಿ ಕೈ ಎಂಟು ಹತ್ತು ಸಲ ಅದ್ದಿ, ಪ್ಲಾಸ್ಟಿಕ್ ಸುತ್ತಿ, ಟವೆಲ್ ಹೊದಿಸಿ ಕಾಲು ಗಂಟೆ ಕೂರಿಸುವುದು. ಮೇಣದ ಬಿಸಿ 52ರಿಂದ 54 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಹಿತವಾಗಿರುತ್ತದೆ, ಸುಡುವುದಿಲ್ಲ. ಮೇಣ ತೆಗೆದ ಕೂಡಲೇ ಕೈ ನಿಜಕ್ಕೂ ಮೆತ್ತಗಾಗುತ್ತದೆ. ನನ್ನ ತಕರಾರು ಅಲ್ಲೇ ಇರುವುದು. ಮೆತ್ತಗಾದ ಆ ಅರ್ಧ ಗಂಟೆಯಲ್ಲಿ ಯಾರಾದರೂ ಕೀಲನ್ನು ಆಡಿಸಬೇಕು ಅಲ್ವಾ? ಅಲ್ಲಿ ಯಾರೂ ನನ್ನ ಕೈ ಮುಟ್ಟಲಿಲ್ಲ. ಮೇಣ ಸುಲಿದು, ಕಾರ್ಡಿಗೆ ಸಹಿ ಹಾಕಿ ಕಳಿಸುತ್ತಿದ್ದರು. ಹೊರಗೆ ಆಟೋ ಹತ್ತುವ ಹೊತ್ತಿಗೆ ಕೈ ಮತ್ತೆ ಬಿಗಿ. ಹತ್ತು ಸಲ ಆದ ಮೇಲೆ ಹಿಂದಕ್ಕೆ 40, ತಿರುಗುವುದು 30. ನೋವು ಕಡಿಮೆ ಆಯಿತು, ಅದನ್ನು ಒಪ್ಪುತ್ತೇನೆ. ಆದರೆ ಅಷ್ಟು ಏರಿಕೆ ಮನೆಯಲ್ಲಿದ್ದರೂ ಬರುತ್ತಿತ್ತೇನೋ. ಇನ್ನೊಂದು ವಿಷಯ. ಒಳಗೆ ಲೋಹದ ಪ್ಲೇಟ್ ಇರುವವರಿಗೆ ಶಾರ್ಟ್‌ವೇವ್ ಡಯಾಥರ್ಮಿ, ಅಂದರೆ ರೇಡಿಯೋ ಅಲೆಯಿಂದ ಮೈಯೊಳಗೆ ಶಾಖ ಹುಟ್ಟಿಸುವ ಮೆಷಿನ್, ಕೊಡಬಾರದು. ಲೋಹ ಒಳಗೇ ಕಾದು ಸುಡಬಹುದು. ಪ್ಲೇಟ್ ಇದೆ ಅಂತ ನೀವೇ ಬಾಯಿಬಿಟ್ಟು ಹೇಳಿ.

ಎಣ್ಣೆ ನೀವಿಸಿದ್ದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ನಮ್ಮತ್ತೆಯ ಊರಿನಲ್ಲಿ ಒಬ್ಬ ತಾತ ಇದ್ದಾರೆ, ಉಳುಕು ತೆಗೆಯುತ್ತಾರೆ. ಮನೆಯವರ ಒತ್ತಾಯಕ್ಕೆ ಒಂಬತ್ತನೇ ವಾರ ಹೋದೆ. ಅವರು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೀವಿ, ಕೊನೆಗೆ ಕೈ ಹಿಡಿದು ಒಂದೇ ಸಲ ಜಗ್ಗಿದರು. ಎರಡು ರಾತ್ರಿ ನಿದ್ದೆ ಇಲ್ಲ. ಬಾವು ವಾಪಸ್ ಬಂತು, ಒಂದು ವಾರ ಹಾಳಾಯಿತು. ಉಳುಕಿಗೆ ಅವರ ಕೈಗುಣ ಇರಬಹುದು. ಪ್ಲೇಟ್ ಇರುವ, ಈಗ ತಾನೇ ಕೂಡಿದ ಮೂಳೆಗೆ ಹಾಗೆ ಜಗ್ಗುವುದು ಬೇಡವೇ ಬೇಡ. ಆದರೆ ಎಣ್ಣೆಯ ತಪ್ಪೇನೂ ಇಲ್ಲ. ಗಾಯ ಪೂರ್ತಿ ಒಣಗಿದ ಮೇಲೆ, ಆಪರೇಷನ್ ಗೆರೆಯ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಬೆರಳ ತುದಿಯಿಂದ ಸಣ್ಣಗೆ ಸುತ್ತು ಸುತ್ತಾಗಿ ಐದು ನಿಮಿಷ ಒತ್ತಬೇಕು. ಗೆರೆ ಕೆಳಗಿನ ಪದರಕ್ಕೆ ಅಂಟಿಕೊಂಡಿದ್ದರೆ ಸಡಿಲವಾಗುತ್ತದೆ. ಇದನ್ನು ಕಲಿಸಿದ್ದೂ ಮೈಸೂರಿನವರೇ.

ಮೈಸೂರಿಗೆ ಹೋದದ್ದು ಹತ್ತನೇ ವಾರ. ನಮ್ಮ ಮನೆಯಿಂದ ಸುಮಾರು 45 ಕಿಲೋಮೀಟರ್, ಬೆಳಿಗ್ಗೆ ಟ್ರೈನಿನಲ್ಲಿ ಹೋಗಿ ಮಧ್ಯಾಹ್ನ ಊಟಕ್ಕೆ ವಾಪಸ್. ಒಂದು ಸಲಕ್ಕೆ 600 ರೂಪಾಯಿ, ವಾರಕ್ಕೆ ಎರಡು ಸಲ, ಒಟ್ಟು 12 ಸಲ. ಮೊದಲ ದಿನ ಮೇಡಂ ಮಣಿಕಟ್ಟನ್ನು ಮುಟ್ಟುವ ಮೊದಲು ಮೊಣಕೈ ನೋಡಿದರು, ಭುಜ ನೋಡಿದರು. ಅಂಗೈ ತಿರುಗಬೇಕಾದರೆ ಮುಂಗೈಯ ಎರಡು ಮೂಳೆ ಮಣಿಕಟ್ಟಿನ ಹತ್ತಿರವೂ ಮೊಣಕೈ ಹತ್ತಿರವೂ ಒಂದರ ಸುತ್ತ ಒಂದು ಹೊರಳಬೇಕು. ನನ್ನ ಮೊಣಕೈ ಕಡೆ ಸಲೀಸಾಗಿತ್ತು, ಮಣಿಕಟ್ಟಿನ ಕಡೆ ಹಿಡಿದುಕೊಂಡಿತ್ತು. ಎರಡು ತಿಂಗಳಲ್ಲಿ ಇದನ್ನು ಹುಡುಕಿ ಹೇಳಿದ್ದು ಅವರೊಬ್ಬರೇ.

ಅವರು ಮಾಡುವುದನ್ನು ನೋಡಿದರೆ ಏನೂ ಮಾಡುತ್ತಿಲ್ಲ ಅನ್ನಿಸುತ್ತದೆ. ಬಿಸಿ ಒದ್ದೆ ಟವೆಲ್ ಸುತ್ತಿ ಹತ್ತು ನಿಮಿಷ. ಆಮೇಲೆ ಒಂದು ಕೈಯಲ್ಲಿ ನನ್ನ ಮುಂಗೈಯನ್ನು ಮೇಜಿನ ಮೇಲೆ ಅದುಮಿ ಹಿಡಿದು, ಇನ್ನೊಂದು ಕೈಯಲ್ಲಿ ಮಣಿಕಟ್ಟಿನ ಸಣ್ಣ ಮೂಳೆಗಳ ಸಾಲನ್ನು ಹಿಡಿದು ಮೆಲ್ಲಗೆ ಎಳೆಯುತ್ತಾರೆ. ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆಗಳಿವೆ. ಕೈ ಹಿಂದಕ್ಕೆ ಬಾಗುವಾಗ ಅವು ಹಿಂದಕ್ಕೆ ಉರುಳುತ್ತವೆ, ಜೊತೆಗೆ ಅಂಗೈ ಕಡೆಗೆ ಸ್ವಲ್ಪ ಜಾರುತ್ತವೆ. ಆ ಜಾರುವುದು ನಿಂತುಹೋಗಿರುತ್ತದೆ. ನಾವು ಎಷ್ಟೇ ಬಗ್ಗಿಸಿದರೂ ಅದು ತಾನಾಗಿ ಬರುವುದಿಲ್ಲ. ಅವರು ಮೂಳೆ ಸಾಲನ್ನು ಅಂಗೈ ಕಡೆಗೆ ಒತ್ತಿ ಒತ್ತಿ ಬಿಡುತ್ತಿದ್ದರು, ತೊಟ್ಟಿಲು ತೂಗುವ ಲಯದಲ್ಲಿ. ತಿರುಗುವುದಕ್ಕೆ ಬೇರೆ ಹಿಡಿತ. ಕಿರುಬೆರಳ ಕಡೆಯ ಮೂಳೆಯನ್ನು ಒಂದು ಕೈಯಲ್ಲಿ ನಿಲ್ಲಿಸಿ, ಹೆಬ್ಬೆರಳ ಕಡೆಯದನ್ನು ಇನ್ನೊಂದರಲ್ಲಿ ಅಲ್ಲಾಡಿಸುವುದು.

“ಕೈ ಬಿಗಿ ಬಿಡಿ ಅಮ್ಮಾ, ನೀವು ಸಹಾಯ ಮಾಡ್ಬೇಡಿ, ನನ್ಗೆ ಬಿಟ್ಬಿಡಿ” ಅಂತ ಪ್ರತಿ ಸಲ ಹೇಳುತ್ತಿದ್ದರು.

ಇದರಲ್ಲಿ ನಾಲ್ಕು ದರ್ಜೆ ಇದೆಯಂತೆ. ಆಸ್ಟ್ರೇಲಿಯಾದ ಫಿಸಿಯೋಥೆರಪಿಸ್ಟ್ ಜೆಫ್ರಿ ಮೇಟ್‌ಲ್ಯಾಂಡ್ ವಿಂಗಡಿಸಿದ್ದು. ಮೊದಲ ಎರಡು ಮೆಲುವಾದವು, ನೋವು ಇಳಿಸಲು. ಮೂರು ಮತ್ತು ನಾಲ್ಕು ಕೀಲು ಹಿಡಿದಿರುವ ಅಂಚಿನವರೆಗೂ ಹೋಗುವವು, ಬಿಗಿ ಬಿಡಿಸಲು. ನನಗೆ ಮೊದಲ ಎರಡು ಸಲ ಮೆಲುವಾದವು ಮಾತ್ರ. ನೀವಿಸಿಕೊಂಡ ಬಾವು ಇಳಿಯಲಿ ಅಂತ ಕಾದರು. ನೋವಿಗೂ ಅವರದೊಂದು ಲೆಕ್ಕ ಇತ್ತು. ಮಾಡುವಾಗ ಎಳೆದ ಹಾಗೆ ಆಗಲಿ, ಒಂದು ಗಂಟೆಯಲ್ಲಿ ಇಳಿಯಬೇಕು. ಮರುದಿನ ಬೆಳಿಗ್ಗೆಯೂ ನೋಯುತ್ತಿದ್ದರೆ ಜಾಸ್ತಿ ಆಯಿತು ಅಂತ ಅರ್ಥ, ಮುಂದಿನ ಸಲ ಕಡಿಮೆ ಮಾಡುತ್ತಿದ್ದರು. ತಾತನ ಕೈಗೂ ಇವರ ಕೈಗೂ ನನಗೆ ಕಂಡ ವ್ಯತ್ಯಾಸ ಇಷ್ಟೇ. ಇವರು ನೋವನ್ನು ಕೇಳಿಸಿಕೊಂಡು ಕೈ ಇಡುತ್ತಿದ್ದರು.

ಮೂರನೇ ಸಲ ಎದ್ದಾಗಲೇ ತಿರುಗುವುದು 30ರಿಂದ 45ಕ್ಕೆ ಬಂದಿತ್ತು. ಮರುದಿನ ಅಳೆದರೆ 35. ತುಂಬ ಬೇಜಾರಾಯಿತು. ಆಗ ಮೇಡಂ ಹೇಳಿದ್ದು, ನಾನು ಬಿಡಿಸಿದ್ದನ್ನು ನೀವು ಆ ದಿನವೇ ಬಳಸದಿದ್ದರೆ ಅದು ಮತ್ತೆ ಮುಚ್ಚಿಕೊಳ್ಳುತ್ತದೆ ಅಂತ. ಅಲ್ಲಿಂದ ಟ್ರೈನಿನಲ್ಲೇ ಶುರು ಮಾಡುತ್ತಿದ್ದೆ. ಕಿಟಕಿ ಪಕ್ಕ ಕೂತು ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಅಂಗೈ ಮೇಲೆ ಕೆಳಗೆ. ಮೊಣಕೈ ಪಕ್ಕೆ ಬಿಟ್ಟರೆ ಭುಜ ತಿರುಗಿ ಮೋಸ ಮಾಡುತ್ತದೆ, ಗಮನವಿರಲಿ. ಮನೆಯಲ್ಲಿ ಉದ್ದ ಹಿಡಿಯ ಸೌಟು. ಹಿಡಿಯ ತುದಿ ಹಿಡಿದು ನೆಟ್ಟಗೆ ನಿಲ್ಲಿಸಿ, ಅದರ ಭಾರಕ್ಕೇ ಕೈ ಹೊರಗೆ ಹೊರಳಲು ಬಿಟ್ಟು ಅರ್ಧ ನಿಮಿಷ ಹಾಗೇ ಇರುವುದು. ಎರಡು ಅಂಗೈ ಜೋಡಿಸಿ ನಮಸ್ಕಾರ ಮಾಡಿ, ಜೋಡಿಸಿದ ಕೈಯನ್ನು ಹೊಟ್ಟೆ ಕಡೆಗೆ ನಿಧಾನ ಇಳಿಸಿದರೆ ಹಿಂದಕ್ಕೆ ಬಾಗುವುದು ಹೆಚ್ಚುತ್ತದೆ.

12 ಸಲ ಮುಗಿದಾಗ ಹಿಂದಕ್ಕೆ 60, ಮುಂದಕ್ಕೆ 55, ತಿರುಗುವುದು 70. ದಿನದ ಹೆಚ್ಚಿನ ಕೆಲಸಕ್ಕೆ ಹಿಂದೆ ಮುಂದೆ 40 ಇದ್ದರೆ ನಡೆಯುತ್ತದೆ ಅಂದಿದ್ದರು, ಅದನ್ನು ದಾಟಿದ್ದೇನೆ. ಖರ್ಚು 7,200 ರೂಪಾಯಿ, ಓಡಾಟ ಬೇರೆ. ಮಂಡ್ಯದ 3,000 ಉಳಿಸಿ ಆರನೇ ವಾರವೇ ಇಲ್ಲಿಗೆ ಬಂದಿದ್ದರೆ ಚೆನ್ನಾಗಿತ್ತು. ಕೀಲು ಒಂದು ಕಡೆ ಅಳತೆ ಏರದೆ ನಿಂತುಬಿಟ್ಟವರಿಗೆ ಇದನ್ನೇ ಹೇಳುತ್ತೇನೆ. ಹೋಗುವ ಮೊದಲು ಫೋನ್ ಮಾಡಿ, ಒಂದು ಸಲಕ್ಕೆ ಎಷ್ಟು ನಿಮಿಷ ಕೈಯಿಂದ ಕೀಲು ಆಡಿಸುತ್ತೀರಿ ಅಂತ ನೇರವಾಗಿ ಕೇಳಿ. ಮೆಷಿನ್ ಹೆಸರುಗಳನ್ನೇ ಹೇಳಿದರೆ ಬೇರೆ ಕಡೆ ನೋಡಿ.

ಕೆಲವು ಲಕ್ಷಣ ಕಂಡರೆ ಇದ್ಯಾವುದೂ ಬೇಡ, ಆಪರೇಷನ್ ಮಾಡಿದ ಡಾಕ್ಟರ ಹತ್ತಿರವೇ ಹೋಗಿ. ಕೈ ಉರಿಯುತ್ತಾ ಚರ್ಮ ಹೊಳೆಯುವುದು, ಬಣ್ಣ ಬದಲಾಗುವುದು, ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳು ಜೋಮು ಹಿಡಿಯುವುದು, ಹೆಬ್ಬೆರಳ ತುದಿ ಇದ್ದಕ್ಕಿದ್ದಂತೆ ಮಡಚದಿರುವುದು. ಕೊನೆಯದು ಪ್ಲೇಟಿಗೆ ಉಜ್ಜಿ ಬೆರಳು ಮಡಚುವ ಹುರಿಯಂಥ ಸ್ನಾಯುಬಳ್ಳಿ (ಟೆಂಡನ್) ತುಂಡಾಗಿರುವ ಗುರುತು ಇರಬಹುದು.

ಈಗ ಐದನೇ ತಿಂಗಳು. ಮುದ್ದೆ ತೊಳಸುವುದು ಇನ್ನೂ ಮಗನ ಕೆಲಸ, ಕೋಲು ಒತ್ತುವಷ್ಟು ಬಲ ಬಂದಿಲ್ಲ. ಬಿಸಿ ಹಿಟ್ಟನ್ನು ಅಂಗೈಯಲ್ಲಿ ತಿರುವಿ ಉಂಡೆ ಕಟ್ಟುವುದು ಮಾತ್ರ ಹೋದ ವಾರದಿಂದ ನಾನೇ.