ಪ್ರೊಲಾಂಗ್ಡ್ ಎಕ್ಸ್‌ಪೋಷರ್ ಥೆರಪಿ: ಪೂರ್ತಿ ಕೋರ್ಸ್ ಮುಗಿಸುವವರೆಗೂ ಬಳಸಿ ಬರೆದ ವಿಮರ್ಶೆ

ರೇಟಿಂಗ್: 5ಕ್ಕೆ 4. ಕಡಿತವಾದ ಒಂದು ಅಂಕ ನಿದ್ದೆಯ ಲೆಕ್ಕಕ್ಕೆ. ಅದರ ವಿಷಯ ಕೊನೆಯಲ್ಲಿದೆ.

ಪಿಟಿಎಸ್‌ಡಿಗೆ, ಅಂದರೆ ದೊಡ್ಡ ಆಘಾತದ ನಂತರ ಉಳಿದುಬಿಡುವ ಒತ್ತಡದ ಕಾಯಿಲೆಗೆ ಕೊಡುವ ಈ ಚಿಕಿತ್ಸೆಯನ್ನು ಚಿಕ್ಕದಾಗಿ ಪಿಇ ಅನ್ನುತ್ತಾರೆ. ರೂಪಿಸಿದವರು ಮನಶ್ಶಾಸ್ತ್ರಜ್ಞೆ ಎಡ್ನಾ ಫೋವಾ. ಒಟ್ಟು 8ರಿಂದ 15 ಸೆಷನ್, ಸಾಮಾನ್ಯವಾಗಿ ಒಂದೊಂದೂ 90 ನಿಮಿಷ, ವಾರಕ್ಕೆ ಒಂದೋ ಎರಡೋ. ಆಘಾತದ ನೆನಪಿನಿಂದ ಓಡಿದಷ್ಟೂ ಅದರ ಭಯ ಹಸಿಯಾಗಿಯೇ ಉಳಿಯುತ್ತದೆ ಅನ್ನುವುದು ಇದರ ತಳಹದಿ. ಹಾಗಾಗಿ ಇಲ್ಲಿ ಮುಖ್ಯವಾಗಿ ಎರಡು ಕೆಲಸ: ನೆನಪನ್ನು ಬಾಯಿಬಿಟ್ಟು ಮತ್ತೆ ಮತ್ತೆ ಹೇಳುವುದು, ದೂರ ಇಟ್ಟಿದ್ದ ಜಾಗ, ಸದ್ದು, ಸನ್ನಿವೇಶಗಳ ಹತ್ತಿರ ಮೆಟ್ಟಿಲು ಮೆಟ್ಟಿಲಾಗಿ ಹೋಗುವುದು.

ಥೆರಪಿಸ್ಟ್ ಒಳ್ಳೆಯವರೇ ಅಲ್ಲವೇ ಅಂತಲೇ ಎಲ್ಲರೂ ಮೊದಲು ಕೇಳುತ್ತಾರೆ. ಅದು ಮುಖ್ಯವೇ. ಆದರೆ ಪಿಇ ಫಲ ಕೊಡುತ್ತದೋ ಇಲ್ಲವೋ ಅನ್ನುವುದು ಬಹುಪಾಲು ತೀರ್ಮಾನವಾಗುವುದು ಸೆಷನ್‌ಗಳ ನಡುವಿನ ದಿನಗಳಲ್ಲಿ, ಮನೆಯಲ್ಲಿ, ಸೆಷನ್‌ನಲ್ಲಿ ಹೇಳಿದ್ದರ ರೆಕಾರ್ಡಿಂಗ್ ಕೇಳುವ ಹೊತ್ತಿನಲ್ಲಿ.

ಮೊದಲ ಎರಡು ಸೆಷನ್ ಸಿದ್ಧತೆಗೆ: ಚಿಕಿತ್ಸೆ ಹೇಗೆ ಕೆಲಸ ಮಾಡುತ್ತದೆ, ನಿಧಾನವಾಗಿ ಉಸಿರು ಬಿಡುವ ಅಭ್ಯಾಸ, ತಪ್ಪಿಸಿಕೊಳ್ಳುತ್ತಿರುವ ಸಂಗತಿಗಳ ಪಟ್ಟಿ. ಅಸಲಿ ಕೆಲಸ ಶುರುವಾಗುವುದು ಸಾಮಾನ್ಯವಾಗಿ ಮೂರನೆಯ ಸೆಷನ್‌ನಲ್ಲಿ. ಕಣ್ಣು ಮುಚ್ಚಿ, ಘಟನೆಯನ್ನು ಈಗ ನಡೆಯುತ್ತಿರುವಂತೆ ಹೇಳಬೇಕು. 'ಬಾಗಿಲು ತೆಗೆದೆ' ಅಂತಲ್ಲ, 'ಬಾಗಿಲು ತೆಗೀತಾ ಇದೀನಿ' ಅಂತ. ಒಮ್ಮೆ ಹೇಳಿ ಮುಗಿದರೆ ಮತ್ತೆ ಮೊದಲಿಂದ, ಒಟ್ಟು 30ರಿಂದ 45 ನಿಮಿಷ. ಐದೈದು ನಿಮಿಷಕ್ಕೊಮ್ಮೆ ಥೆರಪಿಸ್ಟ್ 'ಈಗ ಎಷ್ಟು?' ಅಂತ ಕೇಳುತ್ತಾರೆ. 0ಯಿಂದ 100ರವರೆಗಿನ ಸಂಕಟದ ಅಳತೆಯಲ್ಲಿ ಒಂದು ಅಂಕಿ ಹೇಳಿ ಮುಂದುವರಿಯಬೇಕು. ಆ ಅಂಕಿಗೆ ವಿವರಣೆ ಕೊಡಲು ಹೋದರೆ ಎಳೆ ತಪ್ಪುತ್ತದೆ.

ಇಲ್ಲಿ ನಮ್ಮ ಭಾಷೆಯೇ ಒಂದು ಕಳ್ಳದಾರಿ ಒದಗಿಸುತ್ತದೆ. ಸಲೀಸಾಗಿ ಹೇಳುತ್ತಾ ಬಂದವರು ಒಂದು ಕಡೆ ಬಂದಾಗ 'ಆಮೇಲೆ ಏನೇನೋ ಆಯ್ತು, ಅಷ್ಟರಲ್ಲಿ ಜನ ಬಂದ್ರು' ಅಂದುಬಿಡುತ್ತಾರೆ. ಆ 'ಏನೇನೋ ಆಯ್ತು' ಇದೆಯಲ್ಲ, ಹೆಚ್ಚಿನ ಸಲ ನೆನಪಿನ ಅತಿ ಬಿಸಿಯಾದ ಜಾಗ ಅಲ್ಲೇ ಅಡಗಿರುತ್ತದೆ. 'ಯಾರೋ ಕಿರುಚಿದ್ರು' ಅಂದಾಗ ಕಿರುಚಿದ್ದು ತಾನೇ ಆಗಿರಬಹುದು. ಚೆನ್ನಾಗಿ ಕಲಿತ ಥೆರಪಿಸ್ಟ್ ಇದನ್ನು ಕಿವಿಯಲ್ಲೇ ಹಿಡಿಯುತ್ತಾರೆ. ಮೊದಮೊದಲು ಹಾಗೇ ಬಿಡುತ್ತಾರೆ, ಐದಾರನೆಯ ಸೆಷನ್ ಹೊತ್ತಿಗೆ ಆ ಒಂದೆರಡು ನಿಮಿಷದ ತುಣುಕನ್ನು ಮಾತ್ರ ಹಿಡಿದು ಆರು, ಏಳು, ಎಂಟು ಸಲ ಹೇಳಿಸುತ್ತಾರೆ. ಕೋರ್ಸ್‌ನಲ್ಲಿ ಅತ್ಯಂತ ಕಷ್ಟದ ಭಾಗ ಇದು, ಅತ್ಯಂತ ಬೆಲೆಯುಳ್ಳದ್ದೂ ಇದೇ. ಹೇಳಿ ಮುಗಿಸಿದ ಮೇಲಿನ 15–20 ನಿಮಿಷದ ಮಾತುಕತೆಯನ್ನೂ ಬಿಡಬಾರದು. 'ನನ್ನಿಂದಲೇ ಆಯಿತು' ಅನ್ನುವ ಅಪರಾಧಭಾವ ಸಡಿಲವಾಗುವುದು ಬಹುಮಟ್ಟಿಗೆ ಅಲ್ಲಿ. ಸಮಯ ಸಾಲದೆ ಅದನ್ನು ಕತ್ತರಿಸುವ ಕಡೆ ಅರ್ಧ ಚಿಕಿತ್ಸೆ ಮಾತ್ರ ಸಿಗುತ್ತಿದೆ ಅಂತ ತಿಳಿಯಿರಿ.

ಹೇಳಿದ್ದೆಲ್ಲ ರೆಕಾರ್ಡ್ ಆಗುತ್ತದೆ. ಅದನ್ನು ಮನೆಯಲ್ಲಿ ದಿನಕ್ಕೊಮ್ಮೆ ಪೂರ್ತಿ ಕೇಳಬೇಕು. ಎಡವುವುದು ಇಲ್ಲೇ. ಪಾತ್ರೆ ತೊಳೆಯುತ್ತಾ ಕೇಳಿದರೆ ಕೇಳಿದಂತಲ್ಲ. ವಾಹನ ಓಡಿಸುತ್ತಾ ಕೇಳುವುದು ಅಪಾಯ. ಮಲಗುವ ಮುಂಚೆ ಕೇಳಿದರೆ ರಾತ್ರಿ ಹಾಳು. ಕುಳಿತು, ಕಣ್ಣು ಮುಚ್ಚಿ, ಆಮೇಲೆ ಅರ್ಧ ಗಂಟೆ ಬಿಡುವು ಇರುವ ಹಗಲಿನ ಹೊತ್ತು ಬೇಕು. ಕೇಳುವ ಮುಂಚೆ, ಅತಿ ಹೆಚ್ಚಾದಾಗ, ಮುಗಿದಾಗ ಹೀಗೆ ಮೂರು ಅಂಕಿ ಬರೆದಿಡಿ. ಒಂದೇ ದಿನದಲ್ಲಿ ಇಳಿಯದಿದ್ದರೆ ಗಾಬರಿ ಬೇಡ. ಸೋಮವಾರದ 90 ಮುಂದಿನ ಸೋಮವಾರಕ್ಕೆ 70 ಆಯಿತೇ ಅನ್ನುವುದೇ ನೋಡಬೇಕಾದ ಲೆಕ್ಕ.

ಇನ್ನು ಮೆಟ್ಟಿಲುಗಳ ಪಟ್ಟಿ, ಅಂದರೆ ಮೊದಲ ಸೆಷನ್‌ಗಳಲ್ಲಿ ಮಾಡಿದ ತಪ್ಪಿಸಿಕೊಳ್ಳುತ್ತಿರುವ ಸಂಗತಿಗಳ ಪಟ್ಟಿ. ಇಲ್ಲೂ ಅದೇ 0ಯಿಂದ 100ರ ಅಳತೆ. ರಸ್ತೆ ಅಪಘಾತವಾದವರ ಉದಾಹರಣೆ ತೆಗೆದುಕೊಳ್ಳಿ: ನಿಂತ ಕಾರಿನಲ್ಲಿ ಕೂರುವುದು 40, ಖಾಲಿ ರಸ್ತೆಯಲ್ಲಿ ಬೇರೆಯವರು ಓಡಿಸುವಾಗ ಪಕ್ಕದಲ್ಲಿ ಕೂರುವುದು 55, ದಟ್ಟ ಸಂಚಾರದಲ್ಲಿ 75, ತಾನೇ ಓಡಿಸುವುದು 90. 40–50ರ ಆಸುಪಾಸಿನಿಂದ ಶುರು. ಒಂದು ಮೆಟ್ಟಿಲಲ್ಲಿ 30–45 ನಿಮಿಷ, ಇಲ್ಲವೇ ಸಂಕಟ ಅರ್ಧಕ್ಕೆ ಇಳಿಯುವ ತನಕ ಇರಬೇಕು. 80 ಮುಟ್ಟಿದ ಕೂಡಲೇ ಇಳಿದು ಬಂದರೆ 'ಓಡಿದ್ದಕ್ಕೆ ಉಳಿದೆ' ಅಂತ ಮನಸ್ಸು ಕಲಿಯುತ್ತದೆ, ಮುಂದಿನ ಸಲ ಇನ್ನೂ ಕಷ್ಟ. ಸೀಟಿನ ಹಿಡಿಯನ್ನು ಬಿಗಿಯಾಗಿ ಹಿಡಿಯುವುದು, ಕಿವಿಗೆ ಇಯರ್‌ಫೋನ್, ಫೋನಿನಲ್ಲಿ ಯಾರನ್ನೋ ಜೊತೆಗಿಟ್ಟುಕೊಳ್ಳುವುದು ಕೂಡ ಮೆಲ್ಲಗೆ ಓಡುವುದೇ. ಇವನ್ನೂ ಒಂದೊಂದಾಗಿ ಬಿಡಬೇಕು. ನಿಜವಾಗಿಯೂ ಅಪಾಯವಿರುವ ಜಾಗ ಪಟ್ಟಿಗೆ ಬರಲೇಬಾರದು.

ಮೂರರಿಂದ ಐದನೆಯ ಸೆಷನ್ ನಡುವೆ ಕೆಲವರಿಗೆ ಕೆಟ್ಟ ಕನಸು, ಬೆಚ್ಚಿಬೀಳುವುದು ಹೆಚ್ಚುತ್ತದೆ. 'ಇದು ನನಗೆ ಆಗಿಬರುವುದಿಲ್ಲ' ಅಂತ ಬಿಡಬೇಕೆನಿಸುವುದು ಆಗಲೇ. ಇದು ಹೆಚ್ಚಾಗಿ ತಾತ್ಕಾಲಿಕ. ದಯವಿಟ್ಟು ಫೋನ್ ತೆಗೆಯದೆ ಮಾಯವಾಗಬೇಡಿ. ಥೆರಪಿಸ್ಟ್‌ಗೆ ಹೇಳಿ, ವೇಗ ತಗ್ಗಿಸಬಹುದು. ಸಾಯುವ ಯೋಚನೆ ಬಂದರಂತೂ ಮುಂದಿನ ಸೆಷನ್‌ಗೆ ಕಾಯದೆ ಆ ದಿನವೇ ನೆರವು ಕೇಳಿ. ಅಂಥ ಯೋಚನೆ ತೀವ್ರವಾಗಿರುವಾಗ, ಅಥವಾ ಹಿಂಸೆ ಇನ್ನೂ ನಡೆಯುತ್ತಿರುವ ಮನೆಯಲ್ಲೇ ಇರುವಾಗ ಮೊದಲು ಸುರಕ್ಷತೆ, ಪಿಇ ಆಮೇಲೆ.

ಫಲವನ್ನು ಅಂದಾಜಿನಿಂದ ಅಳೆಯಬೇಡಿ. ಪಿಸಿಎಲ್-5 ಅನ್ನುವ 20 ಪ್ರಶ್ನೆಗಳ ಫಾರಂ ಇದೆ, ಒಂದೊಂದಕ್ಕೆ 0ಯಿಂದ 4, ಒಟ್ಟು 80. ಸಾಮಾನ್ಯವಾಗಿ 31–33 ದಾಟಿದರೆ ಪಿಟಿಎಸ್‌ಡಿ ಇರುವ ಸಾಧ್ಯತೆಯನ್ನು ಪರಿಶೀಲಿಸುತ್ತಾರೆ. ಸುಮಾರು 10–15 ಅಂಕ ಇಳಿದರೆ ಅದನ್ನು ಸಾಮಾನ್ಯವಾಗಿ ನಿಜವಾದ ಬದಲಾವಣೆ ಅನ್ನುತ್ತಾರೆ. ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ತುಂಬಿಸದ ಕಡೆ ನೀವೇ ಕೇಳಿ. ಸೇರುವ ಮುಂಚೆಯೂ ಕೇಳಿ: ಯಾವ ವಿಧಾನ, ಎಷ್ಟು ಸೆಷನ್, ನೆನಪಿನ ಕೆಲಸ ಯಾವಾಗ ಶುರು, ರೆಕಾರ್ಡಿಂಗ್ ಕೊಡುತ್ತೀರಾ? ಎಂಟು ಸೆಷನ್ ಕಳೆದರೂ 'ಈ ವಾರ ಹೇಗಿತ್ತು' ಅನ್ನುವುದರಲ್ಲೇ ಗಂಟೆ ಮುಗಿಯುತ್ತಿದ್ದರೆ ಅಲ್ಲಿ ಪಿಇ ನಡೆಯುತ್ತಿಲ್ಲ.

ಅಷ್ಟು ಹೊತ್ತು ನೆನಪನ್ನು ಹೇಳುವುದು ಆಗದವರಿಗೆ ಸಿಪಿಟಿ (ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ) ಇದೆ. ಸಾಮಾನ್ಯವಾಗಿ 12 ಸೆಷನ್, 'ಎಲ್ಲಾ ನನ್ನ ತಪ್ಪು' ಎಂಬಂಥ ಅಂಟಿಕೊಂಡ ಯೋಚನೆಗಳನ್ನು ಹಾಳೆಯ ಮೇಲೆ ಬರೆದು ಪರೀಕ್ಷಿಸುವುದು. ನೆನಪನ್ನು ಮನಸ್ಸಿನಲ್ಲಿಟ್ಟುಕೊಂಡು ಕಣ್ಣು ಅತ್ತಿತ್ತ ಆಡಿಸುವ ಇನ್ನೊಂದು ಚಿಕಿತ್ಸೆ ಇಎಂಡಿಆರ್‌ನಲ್ಲಿ ಮನೆಯಲ್ಲಿ ಮಾಡಬೇಕಾದ ಅಭ್ಯಾಸ ಕಡಿಮೆ. ಅದರ ಕಣ್ಣಾಡಿಸುವ ಭಾಗ ಎಷ್ಟು ಅಗತ್ಯ ಅನ್ನುವ ಚರ್ಚೆ ಮುಗಿದಿಲ್ಲ, ಚಿಕಿತ್ಸೆಗೆ ಒಳ್ಳೆಯ ಆಧಾರವಂತೂ ಇದೆ. ಖಿನ್ನತೆಗೂ ಪಿಟಿಎಸ್‌ಡಿಗೂ ಕೊಡುವ ಸರ್ಟ್ರಲೀನ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಾ ಪಿಇ ಮಾಡಬಹುದು, ತಾವಾಗಿ ನಿಲ್ಲಿಸಬಾರದು. ಸೆಷನ್‌ಗೆ ಮುಂಚೆ ಆತಂಕ ತಡೆಯಲು ಆಲ್‌ಪ್ರಜೋಲಾಮ್ ತರಹದ ಮಾತ್ರೆ ನುಂಗುವ ಅಭ್ಯಾಸವಿದ್ದರೆ ವೈದ್ಯರಿಗೂ ಥೆರಪಿಸ್ಟ್‌ಗೂ ಮೊದಲೇ ಹೇಳಿ. ಅದು ಕಲಿಕೆಯನ್ನೇ ಮಂಕು ಮಾಡಬಹುದು.

ನಿದ್ದೆ: ಹಗಲಿನ ಭಯ ಹೋದ ಮೇಲೂ ಹಲವರಿಗೆ ನಿದ್ದೆಗೇಡು ಉಳಿಯುತ್ತದೆ. ಕೋರ್ಸ್‌ನಲ್ಲಿ ಇದಕ್ಕೆ ಬೇಕಾದಷ್ಟು ಜಾಗ ಇಲ್ಲ. ನಿದ್ರಾಹೀನತೆಗೆಂದೇ ಇರುವ ಸಿಬಿಟಿ-ಐ ಅನ್ನುವ ಮಾತುಚಿಕಿತ್ಸೆಯನ್ನು ಬೇರೆಯಾಗಿ ಮಾಡಿಸಬೇಕಾಗಬಹುದು, ಅದು ಆರರಿಂದ ಎಂಟು ಸೆಷನ್. ಪಿಇ ಕೊನೆಯ ಸೆಷನ್‌ನಲ್ಲಿ ಮೆಟ್ಟಿಲುಗಳ ಪಟ್ಟಿಗೆ ಹೊಸದಾಗಿ ಅಂಕಿ ಹಾಕಿಸುತ್ತಾರೆ. ಹಳೆಯ 90ರ ಪಕ್ಕದಲ್ಲಿ 25 ಬರೆದ ಆ ಹಾಳೆಯನ್ನು ಎಸೆಯಬೇಡಿ. ಘಟನೆ ನಡೆದ ತಾರೀಕು ಹತ್ತಿರ ಬಂದಾಗ ಕಾರಣವಿಲ್ಲದೆ ಒಂದು ರಸ್ತೆ ಬಿಟ್ಟು ಇನ್ನೊಂದು ರಸ್ತೆ ಹಿಡಿಯುತ್ತಿದ್ದೀರಿ ಅನಿಸಿದರೆ ಆ ಹಾಳೆಯನ್ನೇ ತೆಗೆದು, ಬಿಟ್ಟ ಮೆಟ್ಟಿಲಿಗಿಂತ ಒಂದು ಕೆಳಗಿನಿಂದ ಶುರು ಮಾಡಿ. ಎರಡು ವಾರದಲ್ಲಿ ಅಂಕಿ ಇಳಿಯದಿದ್ದರೆ ಅದೇ ಥೆರಪಿಸ್ಟ್ ಹತ್ತಿರ ಒಂದೆರಡು ಬೂಸ್ಟರ್ ಸೆಷನ್ ಕೇಳಿ.